ಕಂಬಳವೂ ಅದರ ನೋಟಕರೂ

ಕಂಬಳದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದನ್ನು ನಡೆಯಿಸಿದವರ ಚರಿತ್ರೆಯನ್ನೇ ಬರೆದಿರುವರು. ಗದ್ದೆ ಯಾವ ಅರಸನದು, ಯಾವ ಗುತ್ತಿನದು, ಕೋಣಗಳು ಯಾರ ಹಟ್ಟಿಯವು ಎಂಬಿಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಆದರೆ ಹುಣಿಯ ಮೇಲೆ ಇರುಳಿಡೀ ನಿದ್ದೆಗೆಟ್ಟು ನಿಂತು, ಮುಂದಿನ ವಾರ ಇನ್ನೊಂದೂರಿಗೆ ನಡೆದು, ಯಾವ ಜೊತೆ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಬಂದ ಸಾಮಾನ್ಯ ನೋಟಕನೂ ಈ ಚರಿತ್ರೆಯಲ್ಲಿ ಪಾಲುಗಾರನೇ. ಅವನ ಪಾಲನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದ ಕೊಯಿಲವನ್ನೇ ತೆಗೆದುಕೊಳ್ಳೋಣ. ಸರಕಾರದ ಜಾನುವಾರು ಸಂವರ್ಧನ ಕ್ಷೇತ್ರದಿಂದಾಗಿ ಈ ಊರಿನ ಹೆಸರು ಜಿಲ್ಲೆಯ ಹೊರಗೂ ಪರಿಚಿತವಾಗಿದೆ. ಇಲ್ಲಿಯ ಮನೆಗಳವರಿಗೆ ಕಂಬಳವೆಂದರೆ ಮೊದಲು ನೆನಪಾಗುವುದು ನೇತ್ರಾವತಿ ಕುಮಾರಧಾರೆಗಳ ಸಂಗಮದ ಊರಾದ ಉಪ್ಪಿನಂಗಡಿಯ ವಿಜಯ-ವಿಕ್ರಮ ಕರೆ. ಅದರ ಬಳಿಕ ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದೆದುರಿನ ದೇವರಮಾರು ಗದ್ದೆಯ ಕೋಟಿ-ಚೆನ್ನಯ ಕರೆ. ಈ ಸೀಮೆಯಲ್ಲಿ ಅಡಕೆಯ ತೋಟಗಳು ಹಬ್ಬಿ ಬತ್ತದ ಗದ್ದೆಗಳು ವಿರಳವಾಗಿವೆ. ಉಳುವ ಕೆಲಸವನ್ನು ಯಂತ್ರವು ವಹಿಸಿಕೊಂಡಿದೆ. ಹೀಗಿರಲು, ಗದ್ದೆಯ ಆಟವಾದ ಕಂಬಳವು ಗದ್ದೆಯಿಲ್ಲದವರ ಮನಸ್ಸಿನಲ್ಲಿ ಇಷ್ಟು ದೃಢವಾಗಿ ನೆಲೆನಿಂತುದು ಹೇಗೆ?

ಮೊದಲು ಕಂಬಳವು ಒಂದೂರಿನ, ಒಂದು ಗದ್ದೆಯ ಕಾರ್ಯವಾಗಿತ್ತು. ದೇವಸ್ಥಾನಕ್ಕೋ ಗುತ್ತಿನ ಮನೆಗೋ ಸೇರಿದ ದೊಡ್ಡ ಗದ್ದೆಯಲ್ಲಿ ಗೊತ್ತಾದ ದಿನ ಕೋಣಗಳನ್ನಿಳಿಸುವುದು, ಕೆಲವೆಡೆಗಳಲ್ಲಿ ಪೂಕರೆಯನ್ನು ನೆಡುವುದು, ದೈವದ ಕಟ್ಟಳೆಗಳನ್ನು ಸಲ್ಲಿಸುವುದು, ಇವೇ ಅದರ ಮುಖ್ಯ ಅಂಗಗಳು. ಓಟವು ಆ ಕಟ್ಟಳೆಯ ಒಂದು ಭಾಗವೇ ಹೊರತು ಅದರ ಸರ್ವಸ್ವವಾಗಿರಲಿಲ್ಲ. ಆ ಕಾಲದ ನೋಟಕನು ಆ ಊರಿನ ಒಕ್ಕಲು. ಅವನು ಬಂದುದು ಅಭಿಮಾನದಿಂದಲೋ ಹಂಗಿನಿಂದಲೋ ಎಂದು ವಿಂಗಡಿಸುವುದು ಸುಲಭವಲ್ಲ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಬಂಟರ ವಿಷಯವನ್ನು ಹೇಳುವಾಗ ಹಾರ್ಡಿಂಗ್ ಎಂಬ ಅಧಿಕಾರಿಯು ಬರೆದ ಕಂಬಳದ ವರ್ಣನೆಯನ್ನು ಸೇರಿಸಿರುವರು. ನೀರಾವರಿ ಗದ್ದೆಗಳ ಬೇಸಾಯಗಾರರಲ್ಲಿ ಹುಟ್ಟಿ ಬೆಳೆದ ಆಟವಿದು ಎಂಬುದನ್ನು ಅವರು ಸರಿಯಾಗಿ ಗುರುತಿಸಿದ್ದಾರೆ. ಕೋಣಗಳನ್ನು ಸಾಕಿ ಓಡಿಸುತ್ತಿದ್ದವರು ಬಂಟರು, ಜೈನರು ಮೊದಲಾದ ಭೂಮಾಲಿಕರೆಂಬುದೂ ಅಲ್ಲಿ ಕಾಣಬರುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆ ಬದಲಾಯಿತು. 1974ರ ಭೂಸುಧಾರಣೆಯ ಶಾಸನದಿಂದ ಗೇಣಿ ಪದ್ಧತಿಯು ಕೊನೆಗಂಡು ಗುತ್ತಿನ ಮನೆಗಳ ಗದ್ದೆಗಳು ಉಳುವವರ ಪಾಲಾದವು. ಒಕ್ಕಲುಗಳ ಬಿಟ್ಟಿ ದುಡಿಮೆಯಿಂದ ನಡೆಯುತ್ತಿದ್ದ ಕಾರ್ಯಗಳನ್ನು ಒಂದು ಮನೆಯೇ ಹೊರುವುದು ದುಸ್ತರವಾಯಿತು. ಕೆಲವೂರುಗಳಲ್ಲಿ ಕಂಬಳ ನಿಂತಿತು. ಕೆಲವೂರುಗಳಲ್ಲಿ ಸಮಿತಿಗಳು ಏರ್ಪಟ್ಟು ಚಂದಾ ಎತ್ತಿ ಅದನ್ನು ನಡೆಯಿಸತೊಡಗಿದುವು. ಒಂದೇ ಗದ್ದೆಯಲ್ಲಿ ಒಂದೊಂದು ಜೊತೆಯನ್ನೇ ಓಡಿಸುವುದರ ಬದಲು ಅಕ್ಕಪಕ್ಕದ ಎರಡು ಕರೆಗಳಲ್ಲಿ ಎರಡು ಜೊತೆಗಳನ್ನು ಏಕಕಾಲದಲ್ಲಿ ಬಿಡುವ ಜೋಡುಕರೆ ಕಂಬಳಗಳು ಪ್ರಬಲವಾದುವು. ಎರಡು ಕರೆಗಳಾದ ಮೇಲೆ ಅವುಗಳಿಗೆ ಜೋಡಿ ಹೆಸರುಗಳೂ ಬಂದುವು. ಮಿಯಾರಿನಲ್ಲಿ ಲವ-ಕುಶ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ, ಕಕ್ಯಪದವಿನಲ್ಲಿ ಸತ್ಯ-ಧರ್ಮ, ಗಡಿಯಾಚೆ ಕಾಸರಗೋಡಿನ ಪೈವಳಿಕೆಯಲ್ಲಿ ಅಣ್ಣ-ತಮ್ಮ. ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನಲ್ಲಿ ಮಡಿದರೆಂದು ಪಾಡ್ದನಗಳು ಹೇಳುವ ಕೋಟಿ ಚೆನ್ನಯರ ಹೆಸರು ಪುತ್ತೂರಿನ ಕರೆಗೂ ಮೂಡಬಿದಿರೆಯ ಕರೆಗೂ ಸಂದಿದೆ. ಗದ್ದೆಯ ಬೇಸಾಯದಲ್ಲೆದ್ದ ಜಗಳದಿಂದ ಊರು ಬಿಡಬೇಕಾಗಿ ಬಂದ ಆ ಅವಳಿವೀರರ ಹೆಸರನ್ನು ಕೆಸರುಗದ್ದೆಗೆ ಇಟ್ಟುದು ಉಚಿತವಾಗಿಯೇ ಇದೆ.

ಜೋಡುಕರೆಯಿಂದ ನೋಟಕನಿಗೆ ಹೊಸದೊಂದು ಲಾಭವಾಯಿತು. ಯಾರು ಮುಂದು ಎಂಬುದನ್ನು ಅವನು ತನ್ನ ಕಣ್ಣಿನಿಂದಲೇ ನಿರ್ಣಯಿಸಬಹುದಾಯಿತು. ನವೆಂಬರದಿಂದ ಮಾರ್ಚಿಯ ಸುಮಾರಿಗೆ ವಾರವಾರವೂ ಒಂದೊಂದೂರಿನಲ್ಲಿ ಕೂಟ ನಡೆಯುವುದರಿಂದ, ಇಂದು ಇಲ್ಲಿ ಸೋತ ಜೊತೆ ಮುಂದಿನ ವಾರ ಅಲ್ಲಿ ಗೆಲ್ಲುವುದೋ ಎಂಬ ಕುತೂಹಲವೂ ಹುಟ್ಟಿತು. ಒಂದು ದಿನದ ಉತ್ಸವವು ಹೀಗೆ ಐದು ತಿಂಗಳ ಕತೆಯಾಯಿತು. ಊರಿನ ಒಕ್ಕಲಾಗಿದ್ದವನು ಊರಿಂದೂರಿಗೆ ಹೋಗುವ ಅಭಿಮಾನಿಯಾದನು.

ಈ ಕತೆಗೆ ಮೆಟ್ಟಿಲುಗಳಿವೆ. ಸ್ಪರ್ಧೆಗಳು ಆರು ಬಗೆ: ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡಹಲಗೆ, ಕನೆಹಲಗೆ. ನೇಗಿಲಿನ ಬಗೆಯಲ್ಲಿ ಹಗುರವಾದ ನೇಗಿಲಿನಂಥ ಉಪಕರಣವನ್ನು ಹಿಡಿದೂ, ಹಗ್ಗದ ಬಗೆಯಲ್ಲಿ ಕೇವಲ ಹಗ್ಗವನ್ನು ಹಿಡಿದೂ ಓಟಗಾರನು ಹಿಂದೆ ಓಡುವನು. ಅಡ್ಡಹಲಗೆಯಲ್ಲಿ ಅವನು ಹಲಗೆಯ ಮೇಲೆ ನಿಲ್ಲುವನು. ಕನೆಹಲಗೆಯಲ್ಲಿ ವೇಗವೊಂದೇ ಸಾಲದು. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆ ನಿಶಾನೆಯ ಎತ್ತರವನ್ನು ಇಂದಿಗೂ ಕೋಲಿನ ಲೆಕ್ಕದಲ್ಲೇ, ಆರೂವರೆ ಕೋಲು, ಏಳೂವರೆ ಕೋಲು ಎಂದು ಹೇಳುವರು. ಕಿರಿಯ ಹಿರಿಯ ಎಂಬ ವಿಭಾಗವು ಕೋಣದ ವಯಸ್ಸಿಗೆ ಸೇರಿದುದು. ಹಲ್ಲು ನೋಡಿ ಅದನ್ನು ನಿರ್ಣಯಿಸುವರು. ಗದ್ದೆಯಲ್ಲಿ ಒಮ್ಮೆಯೂ ಉಳದ ಕೋಣವು ನೇಗಿಲಿನ ಹೆಸರಿನಲ್ಲಿ ಓಡುವುದು ವಿನೋದವಾಗಿ ತೋರಬಹುದಾದರೂ, ಬಿಟ್ಟುಹೋದ ಬೇಸಾಯದ ನೆನಪು ಆ ಹೆಸರಿನಲ್ಲಿ ಉಳಿದಿದೆ ಎಂಬುದನ್ನು ಮರೆಯಲಾಗದು.

ನಿಜವಾದ ಅಭಿಮಾನಿಯನ್ನು ಗುರುತಿಸಬೇಕಾದರೆ ಕಿರಿಯ ವಿಭಾಗದ ಹೊತ್ತಿನಲ್ಲಿ ನೋಡಬೇಕು. ಹಿರಿಯ ಕೋಣಗಳ ಕೊನೆಯ ಓಟಕ್ಕೆ ಊರೆಲ್ಲ ಸೇರುತ್ತದೆ. ಕಿರಿಯ ಕೋಣಗಳ ಮೊದಲ ಸುತ್ತುಗಳಿಗೆ ನಿಲ್ಲುವವರು ಬೇರೆ. ಗಂತಿನಲ್ಲಿ ಎಳೆಯ ಕೋಣವು ತಲೆಯನ್ನು ಹೇಗೆ ಎತ್ತುತ್ತದೆ, ಮಂಜೊಟ್ಟಿಯನ್ನು ಕಂಡೊಡನೆ ಹೆಜ್ಜೆ ಕುಗ್ಗಿಸುತ್ತದೆಯೊ ಹಿಗ್ಗಿಸುತ್ತದೆಯೊ, ಬಲಗಡೆಯದು ಎಡಗಡೆಯದನ್ನು ಒತ್ತುತ್ತದೆಯೊ ಎಂಬುದನ್ನೆಲ್ಲ ಅವರು ನೋಡಿಕೊಂಡಿರುವರು. ಎರಡು ಮೂರು ವರ್ಷಗಳ ಬಳಿಕ ಆ ಕೋಣವು ಹಿರಿಯ ವಿಭಾಗದಲ್ಲಿ ಪದಕ ಪಡೆದಾಗ, ಅದು ಮೊದಲು ಎಲ್ಲಿ ಓಡಿತು, ಯಾವ ಹಟ್ಟಿಯಿಂದ ಯಾವ ಹಟ್ಟಿಗೆ ಮಾರಾಟವಾಯಿತು ಎಂಬುದನ್ನು ಹೇಳಬಲ್ಲವರು ಇವರೇ.

ಇದಕ್ಕೆ ದೂರದೇಶದ ಒಂದು ಸಾದೃಶ್ಯವಿದೆ. ಅಮೇರಿಕದವರ ಬೇಸ್‌ಬಾಲ್ ಎಂಬ ಚೆಂಡಾಟದಲ್ಲಿಯೂ ಹಿರಿಯ ಕೂಟಗಳೆಂದೂ ಕಿರಿಯ ಕೂಟಗಳೆಂದೂ ಭೇದವುಂಟು. 1876ರಲ್ಲಿ ನ್ಯಾಷನಲ್ ಲೀಗ್ ಸ್ಥಾಪಿತವಾಯಿತು. 1901ರಲ್ಲಿ ಅಮೇರಿಕನ್ ಲೀಗ್ ಹಿರಿಯ ಕೂಟವಾಗಿ ನಿಂತಿತು. ಅದೇ ವರ್ಷ ಕಿರಿಯ ಕೂಟಗಳೂ ತಮ್ಮದೊಂದು ಸಂಘವನ್ನು ಕಟ್ಟಿಕೊಂಡುವು. ಮುಂದೆ ಬ್ರಾಂಚ್ ರಿಕಿ ಎಂಬವರು ಸೇಂಟ್ ಲೂಯಿಸ್ ನಗರದ ತಂಡಕ್ಕಾಗಿ ಸಣ್ಣ ಊರುಗಳ ತಂಡಗಳನ್ನು ಕೈವಶಮಾಡಿಕೊಂಡು, ಎಳೆಯ ಆಟಗಾರರನ್ನು ಅಲ್ಲಿ ಪಳಗಿಸಿ ಮೇಲಕ್ಕೆ ತರುವ ಕ್ರಮವನ್ನು ಬೆಳೆಸಿದರು. ಅದಕ್ಕೆ ಬೇಸಾಯದ ಹೊಲದ ಹೆಸರನ್ನೇ ಇಟ್ಟು ಫಾರ್ಮ್ ಪದ್ಧತಿ ಎಂದು ಕರೆದರು. ಅಲ್ಲಿಯ ನೋಟಕರಲ್ಲಿ ಒಂದು ಅಭ್ಯಾಸವಿದೆ. ಆಟವನ್ನು ನೋಡುತ್ತ ಪ್ರತಿಯೊಂದು ಎಸೆತ ಹೊಡೆತದ ಫಲವನ್ನು ಒಂದು ಹಾಳೆಯಲ್ಲಿ ಗುರುತುಹಾಕುವರು. ಹೆನ್ರಿ ಚಾಡ್ವಿಕ್ ಎಂಬ ಪತ್ರಿಕೋದ್ಯೋಗಿಯು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆಟದ ಫಲವನ್ನು ಕೋಷ್ಟಕರೂಪದಲ್ಲಿ ಅಚ್ಚುಮಾಡುವ ಕ್ರಮವನ್ನು ರೂಢಿಗೆ ತಂದರು. 1971ರಲ್ಲಿ ಕೂಪರ್ಸ್‌ಟೌನ್ ಎಂಬಲ್ಲಿ ಹದಿನಾರು ಮಂದಿ ಅಭಿಮಾನಿಗಳು ಕೂಡಿ ಆ ಆಟದ ಚರಿತ್ರೆಯ ಸಂಶೋಧನೆಗೆ ಒಂದು ಸಂಘವನ್ನು ಸ್ಥಾಪಿಸಿದರು. 1989ರಲ್ಲಿ ಆರಂಭವಾದ ರೆಟ್ರೋಶೀಟ್ ಎಂಬ ಸಂಸ್ಥೆಯು ಹಳೆಯ ಆಟಗಳ ಗುರುತುಹಾಳೆಗಳನ್ನು ಹುಡುಕಿ ಕೂಡಿಸುತ್ತ ಬಂದಿದೆ. ಪೆಟ್ಟಿಗೆಯಲ್ಲಿ ಮರೆತು ಬಿಟ್ಟ ಕಾಗದವೇ ಹೀಗೆ ಚರಿತ್ರೆಗೆ ಆಧಾರವಾಯಿತು.

ನಮ್ಮಲ್ಲಿ ಬರಹಕ್ಕೆ ಬಂದುದೇನು? ಕಂಬಳದ ಮರುದಿನ ಪತ್ರಿಕೆಗಳಲ್ಲಿ ಫಲಿತಾಂಶ ಬರುತ್ತದೆ. ಮೊದಲು ಕೋಣಗಳ ಯಜಮಾನರ ಹೆಸರು. ಅದರ ಕೆಳಗೆ ಕೋಣ ಓಡಿಸಿದವರ, ಹಲಗೆ ಮುಟ್ಟಿದವರ ಹೆಸರು. ಗೆದ್ದವರ ಈ ಪಟ್ಟಿಯಲ್ಲಿ ಸೋತವರಿಗೆ ಸ್ಥಳವಿಲ್ಲ. ಕುಟ್ಟಿ, ದೂಜ, ತಾಟೆ, ಚೆನ್ನ ಎಂದು ಮುಂತಾಗಿ ಜನರ ಬಾಯಲ್ಲಿ ಆಡುವ ಕೋಣಗಳ ಹೆಸರುಗಳಿಗೂ ಅನೇಕ ವೇಳೆ ಸ್ಥಳವಿಲ್ಲ. ಇದಕ್ಕಿಂತಲೂ ಗಂಭೀರವಾದ ಮರೆವು ಇನ್ನೊಂದಿದೆ. ಹಿಂದೆ ಕಂಬಳಕ್ಕೆ ಮುನ್ನ ಕೊರಗರನ್ನು ಡೋಲು ಬಾರಿಸುವುದಕ್ಕೂ, ಕೋಣಗಳಿಗಿಂತ ಮೊದಲು ಕರೆಯಲ್ಲಿ ಓಡುವುದಕ್ಕೂ ಕಟ್ಟಳೆಯ ಹೆಸರಿನಲ್ಲಿ ಬಲವಂತಪಡಿಸುತ್ತಿದ್ದರು. ಕರ್ನಾಟಕ ಸರಕಾರವು 2000ದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸುವ ಶಾಸನವನ್ನು ಮಾಡಬೇಕಾಯಿತು. ಯಾವ ಫಲಿತಾಂಶದ ಪಟ್ಟಿಯಲ್ಲಿಯೂ ಹೆಸರಿಲ್ಲದ ಆ ಓಟವನ್ನು ಬಿಟ್ಟು ಬರೆದ ಕಂಬಳದ ಚರಿತ್ರೆಯು ಸತ್ಯವಾದ ಚರಿತ್ರೆಯಾಗಲಾರದು.

ಬರಹದ ಬೆಲೆ ಏನೆಂಬುದು ನ್ಯಾಯಾಲಯದ ದಿನಗಳಲ್ಲಿ ತಿಳಿದುಬಂದಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತು. 2016ರ ನವೆಂಬರದಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಮಧ್ಯಂತರ ಆಜ್ಞೆಯಿಂದ ಆ ಋತುವಿನ ಕಂಬಳಗಳು ನಿಂತುವು. 2017ರ ಜನವರಿ 28ರಂದು ಮೂಡಬಿದಿರೆಯಲ್ಲಿ ಕೋಣಗಳನ್ನು ಕರೆತಂದು ಜನರು ಸೇರಿದರು; ಅಲ್ಲಿ ಯಜಮಾನರೂ ಓಟಗಾರರೂ ಮಾತ್ರವಲ್ಲದೆ ಒಂದು ಕೋಣವನ್ನೂ ಸಾಕದ ಅಭಿಮಾನಿಗಳೂ ಇದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ವಿಧಾನಮಂಡಲವು ತಿದ್ದುಪಡಿಯನ್ನು ಅಂಗೀಕರಿಸಿತು. ಕೊನೆಗೆ 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ತಮಿಳುನಾಡು, ಮಹಾರಾಷ್ಟ್ರಗಳ ಶಾಸನಗಳೊಡನೆ ಕರ್ನಾಟಕದ ಶಾಸನವನ್ನೂ ಎತ್ತಿಹಿಡಿಯಿತು. ಇದು ಹಳೆಯ ಸಂಪ್ರದಾಯವೆಂದು ಸಭೆಗಳಲ್ಲಿ ಹೇಳುವುದು ಸುಲಭ. ಯಾವ ಊರಿನಲ್ಲಿ, ಯಾವ ವರ್ಷ, ಯಾವ ನಿಯಮದಿಂದ, ಬೆತ್ತವನ್ನು ಎಷ್ಟರಮಟ್ಟಿಗೆ ಬಳಸಿ ಓಡಿಸುತ್ತಿದ್ದರೆಂದು ತೋರಿಸಲು ಬೇಕಾದುದು ಬರಹ. ಪ್ರಾಣಿಗಳ ಹಿಂಸೆಯನ್ನು ಕುರಿತ ಆಕ್ಷೇಪಣೆಗೆ ಯೋಗ್ಯವಾದ ಉತ್ತರವೂ, ತಪ್ಪಿದ್ದಲ್ಲಿ ತಿದ್ದುವ ದಾರಿಯೂ ಅಂಥ ಬರಹದಿಂದಲೇ ದೊರೆಯಬೇಕು.

2020ರಲ್ಲಿ ಲೋಕವೇ ಕಂಬಳದತ್ತ ತಿರುಗಿ ನೋಡಿತು. ಆ ವರ್ಷದ ಫೆಬ್ರವರಿ ಮೊದಲಲ್ಲಿ ಐಕಳದ ಕರೆಯಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದರು. ನೂರು ಮೀಟರಿಗೆ ಭಾಗಿಸಿ ಜಗತ್ತಿನ ಶ್ರೇಷ್ಠ ಓಟಗಾರರೊಡನೆ ಇವರನ್ನು ಹೋಲಿಸಿದವರು ಬಹುಮಂದಿ. ಕೋಣಗಳ ಸೆಳೆತದಿಂದ ಓಡುವುದು ಬೇರೆ, ಸ್ವಂತ ಕಾಲಬಲದಿಂದ ಓಡುವುದು ಬೇರೆ ಎಂಬುದನ್ನು ಹುಣಿಯ ಮೇಲಿನ ನೋಟಕನು ಮೊದಲೇ ಬಲ್ಲನು. ಕೇಂದ್ರ ಸಚಿವರು ಪರೀಕ್ಷೆಗೆ ಕರೆದಾಗ ಶ್ರೀನಿವಾಸ ಗೌಡರು ಸಹ, ಕೆಸರಿನಲ್ಲಿ ಹಿಮ್ಮಡಿಯ ಕೆಲಸ ಹೆಚ್ಚು, ಮೈದಾನದಲ್ಲಿ ಕಾಲ್ಬೆರಳುಗಳದು ಹೆಚ್ಚು ಎಂಬ ಅಭಿಪ್ರಾಯವನ್ನು ತಿಳಿಸಿ ನಯವಾಗಿ ಹಿಂದೆಸರಿದರು. ಕರೆಯ ಉದ್ದ ಊರೂರಿಗೂ ಬೇರೆ. ಕೆಸರಿನ ಆಳವೂ ಬೇರೆ. ಈ ವಿವರಗಳಿಲ್ಲದ ಅಂಕೆಯು ಬರಿಯ ಆಶ್ಚರ್ಯವನ್ನುಂಟುಮಾಡೀತೇ ಹೊರತು ತಿಳಿವಳಿಕೆಯನ್ನು ಕೊಡಲಾರದು.

2023ರ ನವೆಂಬರ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಘಟ್ಟದ ಮೇಲೆ ನೆಲೆಸಿದ ಕರಾವಳಿಯವರಿಗೆ ಅದೊಂದು ಸಂತೋಷದ ಸಂದರ್ಭ. ಅದನ್ನು ಹಳಿಯುವ ಕಾರಣವಿಲ್ಲ. ಆದರೆ ಕೂಟಗಳು ದೊಡ್ಡವಾದಷ್ಟೂ ಬಹುಮಾನವೂ ಬೆಳಕೂ ಹಿರಿಯ ವಿಭಾಗದ ಕೆಲವೇ ಹಟ್ಟಿಗಳ ಕಡೆಗೆ ಹರಿಯುವುದು ಸಹಜ. ಅತ್ತ ಹಳ್ಳಿಯ ಪೂಕರೆ ಕಂಬಳಕ್ಕೆ ಗದ್ದೆ ಉಳುವವರಿಲ್ಲ, ಇತ್ತ ಒಂದು ಜೊತೆಯನ್ನು ವರ್ಷವಿಡೀ ಸಾಕುವ ವೆಚ್ಚವು ಸಣ್ಣ ರೈತನ ಶಕ್ತಿಯನ್ನು ಮೀರುತ್ತಿದೆ. ಕಿರಿಯದು ಒಣಗಿದರೆ ಹಿರಿಯದಕ್ಕೆ ನೀರು ಎಲ್ಲಿಂದ ಬರಬೇಕು?

ಸಮಿತಿಗಳು ಮಾಡಬೇಕಾದುದನ್ನು ಸಮಿತಿಗಳು ಮಾಡಲಿ. ಓದುಬರಹ ಬಲ್ಲ ನಮ್ಮ ಮನೆಗಳವರು ಮಾಡಬಹುದಾದ ಕೆಲಸವೂ ಒಂದಿದೆ. ಹಳೆಯ ಕಂಬಳಗಳ ಆಮಂತ್ರಣ ಪತ್ರಿಕೆಗಳು, ಕತ್ತರಿಸಿಟ್ಟ ಫಲಿತಾಂಶಗಳು, ಪದಕಗಳ ಮೇಲಿನ ಬರಹ, ಮಾಸಿದ ಭಾವಚಿತ್ರಗಳು ಇನ್ನೂ ಎಷ್ಟೋ ಅಟ್ಟಗಳಲ್ಲಿ ಇವೆ. ಅವುಗಳನ್ನು ಗೆದ್ದಲಿಗೆ ಬಿಡಬಾರದು. ಈ ಋತುವಿನಿಂದಲೇ ಮನೆಗೊಬ್ಬ ಹುಡುಗನೋ ಹುಡುಗಿಯೋ ಒಂದು ಪುಸ್ತಕವನ್ನು ಹಿಡಿದು ಉಪ್ಪಿನಂಗಡಿಗೂ ಪುತ್ತೂರಿಗೂ ಹೋಗಲಿ. ಕೋಣದ ಹೆಸರು, ವಿಭಾಗ, ಓಡಿಸಿದವನ ಹೆಸರು, ಕರೆಯ ಉದ್ದ, ತಗಲಿದ ಕಾಲ, ಸೋತವರಾರು ಎಂಬಿಷ್ಟನ್ನು ಬರೆದುಕೊಳ್ಳಲಿ. ಮನೆಯ ಅಜ್ಜಂದಿರನ್ನೂ, ಕಂಬಳದ ಅಂಚಿನಲ್ಲಿ ನಿಂತು ದುಡಿದ ಕುಟುಂಬಗಳ ಹಿರಿಯರನ್ನೂ ಕೇಳಿ, ಅವರ ಮಾತನ್ನು ಅವರ ತುಳುವಿನಲ್ಲೇ ಗುರುತುಮಾಡಲಿ. ನೋಡಿದವರು ಇರುವಷ್ಟು ದಿನ ಮಾತ್ರ ಈ ಕೆಲಸ ಸಾಧ್ಯ. ಆ ಹಿರಿಯರ ಸಂಖ್ಯೆ ಋತುವಿನಿಂದ ಋತುವಿಗೆ ಕಡಮೆಯಾಗುತ್ತ ಬರುತ್ತಿದೆ.