ಪ್ಲಗಿನ್‌ನಿಂದ ಮಾನಕದತ್ತ: ಟ್ಯಾಬ್ಲೆಟ್ ಕಂಪ್ಯೂಟರುಗಳು ಮತ್ತು ಫ್ಲ್ಯಾಶ್ ವಿವಾದ

ಜಾಲಪುಟದೊಳಗೆ ಚಲಿಸುವ ಚಿತ್ರ, ಧ್ವನಿ, ವಿಡಿಯೊ ಮತ್ತು ಆಟಗಳನ್ನು ನಡೆಸುವ ಹೊಣೆ ಬ್ರೌಸರಿನದೇ ಆಗಿರಬೇಕೋ ಅಥವಾ ಒಂದು ಕಂಪನಿಯ ಒಡೆತನದ ಪ್ರತ್ಯೇಕ ತಂತ್ರಾಂಶದ್ದಾಗಿರಬೇಕೋ ಎಂಬ ಪ್ರಶ್ನೆ 1990ರ ದಶಕದ ನಡುಭಾಗದಿಂದಲೂ ಇತ್ತು. ಅದು ತಂತ್ರಜ್ಞರ ವಲಯವನ್ನು ದಾಟಿ ಸಾಮಾನ್ಯ ಬಳಕೆದಾರರ ಕಣ್ಣಿಗೆ ಬಿದ್ದದ್ದು ಮಾತ್ರ 2010ರಲ್ಲಿ, ಟ್ಯಾಬ್ಲೆಟ್ ಕಂಪ್ಯೂಟರುಗಳು ಮನೆಮನೆಗೆ ಬರತೊಡಗಿದಾಗ. ಆ ವಿವಾದದಲ್ಲಿ ಮುಕ್ತ ಮಾನಕಗಳು, ಅಂದರೆ ಯಾರು ಬೇಕಾದರೂ ಓದಿ ತಮ್ಮ ತಂತ್ರಾಂಶದಲ್ಲಿ ಅಳವಡಿಸಿಕೊಳ್ಳಬಹುದಾದ ಬಹಿರಂಗ ನಿಯಮಾವಳಿಗಳು, ಒಡೆತನದ ಪ್ಲಗಿನ್‌ಗಳನ್ನು ಸೋಲಿಸಿದವು ಎಂಬುದು ಇಂದು ಪ್ರಚಲಿತವಿರುವ ಕಥನ. ಈ ಕಥನದಲ್ಲಿರುವುದು ಅರ್ಧ ಸತ್ಯ ಮಾತ್ರ. ಪ್ಲಗಿನ್ ಸೋತದ್ದು ಬ್ಯಾಟರಿಯ ಮಿತಿಗೆ, ಬೆರಳಿನ ಬಳಕೆಗೆ ಮತ್ತು ಒಂದೇ ಕಂಪನಿಯ ನಿರಾಕರಣೆಗೆ. ಮಾನಕ ಆ ಹೊತ್ತಿಗೆ ಇನ್ನೂ ಪೂರ್ತಿಯಾಗಿರಲಿಲ್ಲ. ಪ್ಲಗಿನ್‌ನ ಕೈಯಲ್ಲಿದ್ದ ನಿಯಂತ್ರಣವೂ ಅಳಿಯದೆ ಬೇರೆಡೆಗೆ ಸರಿಯಿತು.

ಪ್ಲಗಿನ್ ಎಂದರೆ ಬ್ರೌಸರಿಗೆ ತಿಳಿಯದ ಕೆಲಸವನ್ನು ಅದರ ಪರವಾಗಿ ಮಾಡಿಕೊಡುವ ಜೋಡಣೆ ತಂತ್ರಾಂಶ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ನ್ಯಾವಿಗೇಟರ್ 2.0 ಬ್ರೌಸರಿನಲ್ಲಿ ಇದಕ್ಕೊಂದು ಜೋಡಣಾ ವ್ಯವಸ್ಥೆಯನ್ನು ರೂಪಿಸಿತು. ಪುಟದೊಳಗೇ ಪಿಡಿಎಫ್ ಕಡತಗಳನ್ನು ತೋರಿಸಬೇಕೆಂಬ ಅಡೋಬಿ ಕಂಪನಿಯ ಎಂಜಿನಿಯರುಗಳ ಪ್ರಯತ್ನ ಇದರ ಹಿನ್ನೆಲೆಯಲ್ಲಿತ್ತು. ಎನ್‌ಪಿಎಪಿಐ ಎಂದು ಹೆಸರಾದ ಈ ವ್ಯವಸ್ಥೆಯಲ್ಲಿ ಬ್ರೌಸರು ಪುಟದ ಒಂದು ಚೌಕವನ್ನು ಪ್ಲಗಿನ್‌ಗೆ ಬಿಟ್ಟುಕೊಡುತ್ತಿತ್ತು. ಆ ಚೌಕದೊಳಗೆ ಏನು ನಡೆಯುತ್ತದೆ, ಎಷ್ಟು ಸ್ಮೃತಿ ಖರ್ಚಾಗುತ್ತದೆ, ಯಾವ ಅಕ್ಷರ ಮೂಡುತ್ತದೆ ಎಂಬುದರ ಮೇಲೆ ಅದಕ್ಕೆ ಹಿಡಿತವಿರಲಿಲ್ಲ. ಜಾವಾ ಆ್ಯಪ್ಲೆಟ್, ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್, ಶಾಕ್‌ವೇವ್, 2007ರಲ್ಲಿ ಬಂದ ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್, ಇವೆಲ್ಲ ಈ ಬಗೆಯವೇ. ಆದರೆ ಹರಹಿನಲ್ಲಿ ಫ್ಲ್ಯಾಶ್‌ಗೆ ಸಾಟಿಯಾದದ್ದು ಯಾವುದೂ ಇರಲಿಲ್ಲ.

ಫ್ಲ್ಯಾಶ್‌ನ ಮೂಲ ಇರುವುದು ಟ್ಯಾಬ್ಲೆಟ್ಟಿನಂಥ ಸಾಧನದಲ್ಲೇ ಎಂಬುದು ಗಮನಾರ್ಹ. ಜೊನಾಥನ್ ಗೇ ಮತ್ತು ಅವರ ಸಂಗಡಿಗರು 1993ರಲ್ಲಿ ಆರಂಭಿಸಿದ ಫ್ಯೂಚರ್‌ವೇವ್ ಕಂಪನಿ, ಲೇಖನಿಯಿಂದ ನಡೆಯುವ ಪೆನ್‌ಪಾಯಿಂಟ್ ಕಂಪ್ಯೂಟರುಗಳಿಗಾಗಿ ಸ್ಮಾರ್ಟ್‌ಸ್ಕೆಚ್ ಎಂಬ ಚಿತ್ರರಚನಾ ತಂತ್ರಾಂಶವನ್ನು ಸಿದ್ಧಪಡಿಸಿತ್ತು. ಆ ಕಂಪ್ಯೂಟರುಗಳು ಮಾರುಕಟ್ಟೆಯಲ್ಲಿ ನೆಲೆಯೂರದೆ ಹೋದಾಗ ಅದೇ ತಂತ್ರಾಂಶಕ್ಕೆ ಚಲನೆಯನ್ನು ಕೂಡಿಸಿ, 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಆ್ಯನಿಮೇಟರ್ ಎಂಬ ಹೆಸರಿನಿಂದ ಬಿಡುಗಡೆ ಮಾಡಲಾಯಿತು. ಅದೇ ವರ್ಷದ ಕೊನೆಯಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ಅದನ್ನು ಕೊಂಡು ಫ್ಲ್ಯಾಶ್ ಎಂದು ಕರೆಯಿತು. ಚಿತ್ರವನ್ನು ಚುಕ್ಕೆಗಳಾಗಿ ಅಲ್ಲದೆ ರೇಖೆಗಳ ಗಣಿತವಾಗಿ ಉಳಿಸುತ್ತಿದ್ದುದರಿಂದ ಕಡತಗಳು ಕಿರಿದಾಗಿದ್ದು, ದೂರವಾಣಿ ತಂತಿಯ ನಿಧಾನ ಸಂಪರ್ಕದಲ್ಲೂ ತಲುಪುತ್ತಿದ್ದವು. 2000ದಲ್ಲಿ ಆ್ಯಕ್ಷನ್‌ಸ್ಕ್ರಿಪ್ಟ್ ಎಂಬ ಕ್ರಮವಿಧಿ ಭಾಷೆಯೂ 2002ರಲ್ಲಿ ವಿಡಿಯೊ ಸೌಲಭ್ಯವೂ ಸೇರಿದವು. 2005ರಲ್ಲಿ ಆರಂಭವಾದ ಯೂಟ್ಯೂಬ್ ತನ್ನ ವಿಡಿಯೊಗಳಿಗೆ ಫ್ಲ್ಯಾಶನ್ನೇ ನೆಚ್ಚಿಕೊಂಡಿತು; ಅದೇ ವರ್ಷ ಅಡೋಬಿ ಮ್ಯಾಕ್ರೋಮೀಡಿಯಾವನ್ನು ಕೊಂಡುಕೊಂಡಿತು.

ಫ್ಲ್ಯಾಶ್‌ನ ಈ ಯಶಸ್ಸನ್ನು ಬರಿಯ ವ್ಯಾಪಾರ ತಂತ್ರವೆಂದು ತಳ್ಳಿಹಾಕುವುದು ನ್ಯಾಯವಲ್ಲ. 2001ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರ ನಂತರ ಮುಂದಿನ ಆವೃತ್ತಿಗೆ ಲೋಕ 2006ರವರೆಗೆ ಕಾಯಬೇಕಾಯಿತು, ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟ ವ್ಯಾಕರಣಶುದ್ಧಿಯ ಕಡೆಗೇ ಹೆಚ್ಚು ಒಲಿದಿತ್ತು, ಒಂದೇ ಪುಟ ಎರಡು ಬ್ರೌಸರುಗಳಲ್ಲಿ ಎರಡು ಬಗೆಯಾಗಿ ಕಾಣುತ್ತಿತ್ತು. ಅಂಥ ಕಾಲದಲ್ಲಿ ಎಲ್ಲೆಡೆ ಒಂದೇ ರೀತಿ ನಡೆಯುವ ವೇದಿಕೆಯನ್ನು ಕೊಟ್ಟದ್ದು ಫ್ಲ್ಯಾಶ್. ಕ್ರಮವಿಧಿ ರಚನೆಯಲ್ಲಿ ತರಬೇತಿಯೇ ಇಲ್ಲದ ಚಿತ್ರಕಾರರೂ ವಿದ್ಯಾರ್ಥಿಗಳೂ ಅದರಲ್ಲಿ ಆಟಗಳನ್ನು, ಪಾಠಗಳನ್ನು, ಕಿರುಚಿತ್ರಗಳನ್ನು ಮಾಡಿದರು.

ಆದರೆ ಈ ಅನುಕೂಲದ ಬೆಲೆಯನ್ನು ತೆತ್ತವರಲ್ಲಿ ಭಾರತೀಯ ಭಾಷೆಗಳ ಓದುಗರೂ ಇದ್ದರು. ಕನ್ನಡದ ಬರಹ ಪರದೆಯ ಮೇಲೆ ಸರಿಯಾಗಿ ಮೂಡಬೇಕಾದರೆ ಕಾಗುಣಿತದ ಚಿಹ್ನೆಗಳೂ ಒತ್ತಕ್ಷರಗಳೂ ಮೂಲಾಕ್ಷರದೊಡನೆ ಬೆಸೆದು ಹೊಸ ಆಕಾರ ತಾಳಬೇಕು. 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಯುನಿಕೋಡ್ ಎಂಬ ಅಕ್ಷರಸಂಕೇತ ಮಾನಕದಲ್ಲಿ ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ ಎಂದು 6 ಸಂಕೇತಗಳು ಸಾಲಾಗಿ ನಿಲ್ಲುತ್ತವೆ, ಅವನ್ನು ಒಂದಾಗಿ ಹೆಣೆಯುವುದು ತಂತ್ರಾಂಶದ ಕೆಲಸ. ಇಂಥ ಸಂಕೀರ್ಣ ಲಿಪಿಗಳನ್ನು ಹೆಣೆಯಬಲ್ಲ ಪಠ್ಯ ವ್ಯವಸ್ಥೆ ಫ್ಲ್ಯಾಶ್ ಪ್ಲೇಯರಿಗೆ ಬಂದದ್ದು 2008ರ 10ನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲು ವಿನ್ಯಾಸಕಾರರು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದರು, ಇಲ್ಲವೆ ಅಕ್ಷರಗಳನ್ನು ಚಿತ್ರವಾಗಿಯೇ ಮಾರ್ಪಡಿಸಿ ಇಡುತ್ತಿದ್ದರು. ಎರಡರಲ್ಲಿಯೂ ಕಣ್ಣಿಗೆ ಕಾಣುವುದು ಕನ್ನಡವಾದರೂ ಶೋಧಕ ಯಂತ್ರಕ್ಕೆ ಅದು ಕನ್ನಡವಾಗಿ ಸಿಗುತ್ತಿರಲಿಲ್ಲ. ಇದರ ದಾಯಾದಿಯೆಂಬಂತೆ ಹಲವು ಕನ್ನಡ ಜಾಲತಾಣಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ ಅರಿಯುತ್ತಿದ್ದ ಇಒಟಿ ಎಂಬ ಮೈಕ್ರೋಸಾಫ್ಟ್ ಸ್ವರೂಪದ ಫಾಂಟುಗಳನ್ನು ಆಶ್ರಯಿಸಿದ್ದವು. ಬೇರೆ ಬ್ರೌಸರಿನಲ್ಲಿ ತೆರೆದರೆ ಅಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಯುನಿಕೋಡ್ ಬರಹವೂ, 2012ರಲ್ಲಿ ಡಬ್ಲ್ಯು3ಸಿ ಮಾನಕವಾದ ವೋಫ್ ಎಂಬ ಜಾಲಫಾಂಟ್ ಸ್ವರೂಪವೂ ಕೂಡಿ ಈ ಅವಸ್ಥೆಯನ್ನು ಕೊನೆಗಾಣಿಸಿದವು. ಮುಕ್ತ ಮಾನಕದ ಪ್ರಶ್ನೆ ಸಣ್ಣ ಮಾರುಕಟ್ಟೆಯ ಭಾಷೆಗಳಿಗೆ ಉಳಿವಿನ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮಾನಕದ ಕಡೆಯ ಚಲನೆ ಆರಂಭವಾದದ್ದು 2004ರಲ್ಲಿ. ಜಾಲದ ಅನ್ವಯಗಳಿಗಾಗಿ ಎಚ್‌ಟಿಎಂಎಲ್ ಭಾಷೆಯನ್ನು ವಿಸ್ತರಿಸಬೇಕೆಂದು ಬ್ರೌಸರ್ ತಯಾರಕರಾದ ಮೊಜಿಲ್ಲಾ ಮತ್ತು ಒಪೆರಾ ಮುಂದಿಟ್ಟ ಸಲಹೆಯನ್ನು ಡಬ್ಲ್ಯು3ಸಿ ಕಾರ್ಯಾಗಾರ ಒಪ್ಪದಿದ್ದಾಗ, ಆ ಇಬ್ಬರೂ ಆಪಲ್ ಜೊತೆಗೂಡಿ ವಾಟ್‌ಡಬ್ಲ್ಯುಜಿ ಎಂಬ ಪ್ರತ್ಯೇಕ ಬಳಗವನ್ನು ಕಟ್ಟಿಕೊಂಡರು. ಪುಟದ ಮೇಲೆ ನೇರವಾಗಿ ಚಿತ್ರ ಬರೆಯುವ ಕ್ಯಾನ್ವಾಸ್ ಅಂಶ ಆಪಲ್‌ನಿಂದಲೂ, ವಿಡಿಯೊವನ್ನು ಚಿತ್ರದಷ್ಟೇ ಸಹಜವಾಗಿ ಪುಟದಲ್ಲಿ ಸೇರಿಸುವ ವಿಡಿಯೊ ಅಂಶದ ಪ್ರಸ್ತಾವ 2007ರಲ್ಲಿ ಒಪೆರಾದಿಂದಲೂ ಬಂದವು. ಅದೇ ವರ್ಷ ಡಬ್ಲ್ಯು3ಸಿ ಈ ಬಳಗದ ಕೆಲಸವನ್ನು ತನ್ನದಾಗಿಸಿಕೊಂಡಿತು. 2008ರ ಜನವರಿಯಲ್ಲಿ ಎಚ್‌ಟಿಎಂಎಲ್5ರ ಮೊದಲ ಕರಡು ಪ್ರಕಟವಾಯಿತು. ಆದರೆ ವಿಡಿಯೊವನ್ನು ಯಾವ ಕೋಡೆಕ್‌ನಲ್ಲಿ, ಅಂದರೆ ಯಾವ ಸಂಕುಚನ ವಿಧಾನದಲ್ಲಿ, ಇಡಬೇಕೆಂಬ ವಿಷಯದಲ್ಲಿ ಒಮ್ಮತವಾಗಲಿಲ್ಲ. ಆಪಲ್ ಬೆಂಬಲಿಸಿದ ಎಚ್.264 ಪೇಟೆಂಟುಗಳ ಬೇಲಿಯೊಳಗಿತ್ತು, ಮೊಜಿಲ್ಲಾ ಮತ್ತು ಒಪೆರಾ ಬಯಸಿದ ಥಿಯೋರಾಗೆ ಯಂತ್ರಾಂಶದ ಬೆಂಬಲವಿರಲಿಲ್ಲ. 2010ರಲ್ಲಿ ಗೂಗಲ್ ವಿಪಿ8 ವಿಧಾನವನ್ನು ವೆಬ್‌ಎಂ ಹೆಸರಿನಲ್ಲಿ ಮುಕ್ತಗೊಳಿಸಿದರೂ ಬಿಕ್ಕಟ್ಟು ಬಗೆಹರಿಯಲಿಲ್ಲ. ಕೊನೆಗೆ ಮಾನಕ ಯಾವ ಕೋಡೆಕ್ಕನ್ನೂ ಹೆಸರಿಸದೆ ಮುಂದುವರಿಯಿತು.

ಇಂಥ ಅಪೂರ್ಣ ಸ್ಥಿತಿಯಲ್ಲಿ, 2010ರ ಜನವರಿ 27ರಂದು, ಆಪಲ್ ಕಂಪನಿ ಐಪ್ಯಾಡನ್ನು ಪ್ರಕಟಿಸಿತು. ಪ್ರದರ್ಶನದ ವೇಳೆ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ನ್ಯೂಯಾರ್ಕ್ ಟೈಮ್ಸ್ ತಾಣವನ್ನು ತೆರೆದಾಗ ಫ್ಲ್ಯಾಶ್ ಇರಬೇಕಾದ ಜಾಗ ಖಾಲಿಯಾಗಿ, ಪ್ಲಗಿನ್ ಇಲ್ಲವೆಂಬ ಗುರುತಿನೊಡನೆ ಕಾಣಿಸಿಕೊಂಡಿತು. ಮೂರು ವರ್ಷಗಳಿಂದ ಐಫೋನಿನಲ್ಲೂ ಫ್ಲ್ಯಾಶ್ ಇರಲಿಲ್ಲ. ಆದರೆ ಕಿರುಪರದೆಯ ಫೋನಿನಲ್ಲಿ ಸಹಿಸಿಕೊಂಡ ಕೊರತೆ, ಜಾಲವನ್ನು ನೋಡುವುದಕ್ಕೆಂದೇ ಮಾರಲಾದ 9.7 ಇಂಚಿನ ಪರದೆಯಲ್ಲಿ ಎದ್ದು ಕಂಡಿತು. ಏಪ್ರಿಲ್ 29ರಂದು ಜಾಬ್ಸ್ ಫ್ಲ್ಯಾಶ್ ಕುರಿತ ತಮ್ಮ ಬಹಿರಂಗ ಲೇಖನವನ್ನು ಪ್ರಕಟಿಸಿ ಆರು ಕಾರಣಗಳನ್ನು ಮುಂದಿಟ್ಟರು.

ಆ ಕಾರಣಗಳಲ್ಲಿ ಹೆಚ್ಚು ತೂಕವುಳ್ಳವು ಎರಡು. ಮೊದಲನೆಯದು ಬ್ಯಾಟರಿ: ಎಚ್.264 ವಿಡಿಯೊವನ್ನು ಬಿಡಿಸುವ ಕೆಲಸಕ್ಕೆಂದೇ ಚಿಪ್ಪಿನಲ್ಲಿ ಪ್ರತ್ಯೇಕ ಭಾಗವಿದ್ದರೆ ಐಫೋನ್ 10 ಗಂಟೆ ವಿಡಿಯೊ ತೋರಿಸಬಲ್ಲದು, ಅದೇ ಕೆಲಸವನ್ನು ತಂತ್ರಾಂಶ ಮಾಡಬೇಕಾದರೆ 5 ಗಂಟೆಯೊಳಗೆ ಬ್ಯಾಟರಿ ಬರಿದಾಗುತ್ತದೆ ಎಂಬುದು ಜಾಬ್ಸ್ ಕೊಟ್ಟ ಲೆಕ್ಕ. ಎರಡನೆಯದು ಸ್ಪರ್ಶ. ಫ್ಲ್ಯಾಶ್ ಪುಟಗಳ ಎಷ್ಟೋ ಮೆನುಗಳು ಮೌಸಿನ ಬಾಣ ತಮ್ಮ ಮೇಲೆ ಸುಳಿದಾಗ ಬಿಚ್ಚಿಕೊಳ್ಳುತ್ತಿದ್ದವು. ಬೆರಳಿಗೆ ಸುಳಿಯುವ ಸ್ಥಿತಿಯೇ ಇಲ್ಲ, ಅದು ಒತ್ತುತ್ತದೆ ಅಥವಾ ಪರದೆಯಿಂದ ದೂರವಿರುತ್ತದೆ. ಬಾಣದ ಕೀಲಿಗಳಿಂದ ಆಡಬೇಕಾದ ಆಟಗಳಿಗೆ ಕೀಲಿಮಣೆಯಿಲ್ಲದ ಟ್ಯಾಬ್ಲೆಟ್ಟಿನಲ್ಲಿ ದಾರಿಯಿರಲಿಲ್ಲ. ಫ್ಲ್ಯಾಶ್ ಚೌಕದ ಮೇಲೆ ಬೆರಳು ಎಳೆದರೆ ಪುಟ ಸರಿಯಬೇಕೋ ಅಥವಾ ಚೌಕದೊಳಗಿನ ವಸ್ತು ಸರಿಯಬೇಕೋ ಎಂಬುದನ್ನು ಬ್ರೌಸರಾಗಲಿ ಪ್ಲಗಿನ್ ಆಗಲಿ ಒಂಟಿಯಾಗಿ ನಿರ್ಧರಿಸುವಂತಿರಲಿಲ್ಲ. ಪುಟದೊಳಗೆ ಬ್ರೌಸರಿಗೆ ಕಾಣದ ಕೋಣೆಯೊಂದನ್ನು ಇಟ್ಟ 1995ರ ವಿನ್ಯಾಸದ ಮಿತಿ ಇಲ್ಲಿ ಬಯಲಾಯಿತು.

ಮುಕ್ತತೆಯ ಕುರಿತ ಜಾಬ್ಸ್ ವಾದವನ್ನು ಮಾತ್ರ ಅಷ್ಟೇ ಗೌರವದಿಂದ ಸ್ವೀಕರಿಸಲಾಗದು. ಫ್ಲ್ಯಾಶ್ ಒಂದೇ ಕಂಪನಿಯ ಸೊತ್ತು ಎಂಬುದು ನಿಜ. ಆದರೆ ಅಡೋಬಿ 2008ರಲ್ಲೇ ಅದರ ಕಡತ ಸ್ವರೂಪದ ವಿವರಗಳ ಮೇಲಿದ್ದ ನಿರ್ಬಂಧಗಳನ್ನು ತೆಗೆದುಹಾಕಿತ್ತು. ಇತ್ತ ಆಪಲ್ ಅದೇ ಏಪ್ರಿಲ್‌ನಲ್ಲಿ, ಫ್ಲ್ಯಾಶ್‌ನಂಥ ಬೇರೆ ಸಾಧನಗಳಲ್ಲಿ ಬರೆದು ಮಾರ್ಪಡಿಸಿದ ಆ್ಯಪ್‌ಗಳನ್ನು ತನ್ನ ಆ್ಯಪ್ ಸ್ಟೋರಿನಿಂದ ಹೊರಗಿಡುವ ಷರತ್ತನ್ನು ಹೇರಿತು, ಸೆಪ್ಟೆಂಬರಿನಲ್ಲಿ ಸಡಿಲಿಸಿತು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಶಂತನು ನಾರಾಯಣ್ ಆಗ ಅಡೋಬಿಯ ಮುಖ್ಯಸ್ಥರಾಗಿದ್ದರು. ಅವರೂ, ಬಹಿರಂಗ ಪತ್ರ ಬರೆದ ಸಂಸ್ಥಾಪಕರಾದ ಚಕ್ ಗೆಶ್ಕಿ ಮತ್ತು ಜಾನ್ ವಾರ್ನಾಕ್ ಅವರೂ ಎತ್ತಿದ ಆಕ್ಷೇಪ ಇದೇ: ಯಾವ ತಂತ್ರಜ್ಞಾನ ಬೇಕೆಂಬುದನ್ನು ಬಳಕೆದಾರರು ತೀರ್ಮಾನಿಸಬೇಕು, ಸಾಧನದ ತಯಾರಕರಲ್ಲ. ಈ ಆಕ್ಷೇಪ ಸರಿಯಾದದ್ದೇ. ಆದರೆ ಅದನ್ನು ಸಾಧಿಸಿ ತೋರಿಸಲು ಟ್ಯಾಬ್ಲೆಟ್ಟಿನಲ್ಲಿ ಚೆನ್ನಾಗಿ ನಡೆಯುವ ಫ್ಲ್ಯಾಶ್ ಅವರ ಬಳಿ ಇರಬೇಕಿತ್ತು.

ಅದು ಬರಲಿಲ್ಲ. 2010ರ ಜೂನಿನಲ್ಲಿ ಆ್ಯಂಡ್ರಾಯ್ಡ್ 2.2ಕ್ಕೆ ಫ್ಲ್ಯಾಶ್ 10.1 ಸಿಕ್ಕಿತಾದರೂ, ಮೊಟೊರೋಲಾ ಕಂಪನಿಯ ಜೂಮ್ ಟ್ಯಾಬ್ಲೆಟ್ 2011ರ ಫೆಬ್ರವರಿಯಲ್ಲಿ ಫ್ಲ್ಯಾಶ್ ಇಲ್ಲದೆಯೇ ಅಂಗಡಿಗೆ ಬಂದು, ಮುಂದಿನ ತಿಂಗಳು ಅದನ್ನು ಪಡೆಯಿತು. ಬ್ಲ್ಯಾಕ್‌ಬೆರಿ ಪ್ಲೇಬುಕ್ ಮತ್ತು ಎಚ್‌ಪಿ ಟಚ್‌ಪ್ಯಾಡ್‌ಗಳು ಫ್ಲ್ಯಾಶ್ ಬೆಂಬಲವನ್ನು ಐಪ್ಯಾಡಿಗಿಲ್ಲದ ತಮ್ಮ ಗುಣವೆಂದು ಹೇಳಿಕೊಂಡರೂ ಮಾರಾಟದಲ್ಲಿ ಅದರಿಂದ ಹೆಚ್ಚೇನೂ ಒದಗಲಿಲ್ಲ. ಟಚ್‌ಪ್ಯಾಡನ್ನು 2011ರ ಜುಲೈನಲ್ಲಿ ತಂದ ಎಚ್‌ಪಿ ಆಗಸ್ಟಿನಲ್ಲೇ ಕೈಬಿಟ್ಟಿತು. ಜಾಲತಾಣಗಳ ಒಡೆಯರು ಐಪ್ಯಾಡ್ ಓದುಗರನ್ನು ಕಳೆದುಕೊಳ್ಳಲು ಒಲ್ಲದೆ ಪುಟಗಳನ್ನು ಎಚ್‌ಟಿಎಂಎಲ್5ಕ್ಕೆ ಬದಲಿಸುತ್ತ ಹೋದಂತೆಲ್ಲ ಫ್ಲ್ಯಾಶ್ ಇಟ್ಟುಕೊಳ್ಳುವ ಕಾರಣವೂ ಕರಗಿತು. 2011ರ ನವೆಂಬರ್ 9ರಂದು ಅಡೋಬಿ ಮೊಬೈಲ್ ಬ್ರೌಸರುಗಳಿಗಾಗಿ ಫ್ಲ್ಯಾಶ್ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಎಚ್‌ಟಿಎಂಎಲ್5 ಅಧಿಕೃತ ಮಾನಕವಾದದ್ದು 2014ರ ಅಕ್ಟೋಬರಿನಲ್ಲಿ, ಅಂದರೆ ಟ್ಯಾಬ್ಲೆಟ್ಟಿನ ಮಟ್ಟಿಗೆ ತೀರ್ಪು ಬಂದು ಸುಮಾರು ಮೂರು ವರ್ಷಗಳಾದ ಮೇಲೆ. ಯೂಟ್ಯೂಬ್ 2015ರಲ್ಲಿ ಎಚ್‌ಟಿಎಂಎಲ್5 ವಿಡಿಯೊವನ್ನು ಮುಖ್ಯವಾಗಿಸಿಕೊಂಡಿತು. ಅದೇ ವರ್ಷ ಕ್ರೋಮ್, 2017ರಲ್ಲಿ ಫ್ಲ್ಯಾಶ್ ಒಂದನ್ನು ಮಾತ್ರ ಉಳಿಸಿಕೊಂಡು ಫೈರ್‌ಫಾಕ್ಸ್ ಹಳೆಯ ಪ್ಲಗಿನ್ ವ್ಯವಸ್ಥೆಗೆ ವಿದಾಯ ಹೇಳಿದವು. 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ಅಡೋಬಿಯ ಬೆಂಬಲ ಕೊನೆಗೊಂಡಿತು.

ಹೀಗೆ ಪ್ಲಗಿನ್ ಹೋಯಿತಾದರೂ ಮುಚ್ಚಿದ ಕೋಣೆ ಹೋಗಲಿಲ್ಲ. ಸಿನಿಮಾ ಕಂಪನಿಗಳು ನಕಲು ತಡೆಯುವ ಬೀಗವಿಲ್ಲದೆ ಚಿತ್ರಗಳನ್ನು ಕೊಡಲು ಒಪ್ಪದ ಕಾರಣ, ಗೂಗಲ್, ಮೈಕ್ರೋಸಾಫ್ಟ್ ಮತ್ತು ನೆಟ್‌ಫ್ಲಿಕ್ಸ್ 2012ರಲ್ಲಿ ಇಎಂಇ ಎಂಬ ಪ್ರಸ್ತಾವವನ್ನು ತಂದವು. ಇದರಂತೆ ಬ್ರೌಸರಿನ ಜೊತೆ ಮಾತಾಡುವ ವಿಧಾನ ಮುಕ್ತ ಮಾನಕವಾಗಿರುತ್ತದೆ, ಆದರೆ ಗೂಢಲಿಪಿಯನ್ನು ಬಿಡಿಸುವ ಘಟಕದ ಒಳಗುಟ್ಟು ಅದರ ಒಡೆಯರಿಗೆ ಮಾತ್ರ ಗೊತ್ತಿರುತ್ತದೆ. ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ಭದ್ರತಾ ದೋಷಗಳನ್ನು ಹುಡುಕುವ ಸಂಶೋಧಕರಿಗಾದರೂ ಕಾನೂನಿನ ರಕ್ಷಣೆ ಕೊಡಬೇಕೆಂದು ವಾದಿಸಿತು. ಆ ವಾದ ಮನ್ನಣೆ ಪಡೆಯಲಿಲ್ಲ. ಡಬ್ಲ್ಯು3ಸಿ ಸದಸ್ಯರ ಮತದಾನದಲ್ಲಿ ಶೇ. 58.4ರಷ್ಟು ಒಪ್ಪಿಗೆ ದೊರೆತು 2017ರ ಸೆಪ್ಟೆಂಬರಿನಲ್ಲಿ ಇಎಂಇ ಮಾನಕವಾದಾಗ ಆ ಸಂಸ್ಥೆ ಒಕ್ಕೂಟದಿಂದಲೇ ಹೊರನಡೆಯಿತು. ಐಪ್ಯಾಡಿನಲ್ಲಿಯೂ ಯಾವ ಹೆಸರಿನ ಬ್ರೌಸರ್ ಹಾಕಿಕೊಂಡರೂ ಒಳಗೆ ದುಡಿಯಬೇಕಾದದ್ದು ಆಪಲ್‌ನ ವೆಬ್‌ಕಿಟ್ ಎಂಜಿನ್ ಮಾತ್ರ ಎಂಬ ನಿಯಮ ಉಳಿಯಿತು. ಮಾನಕದ ಯಾವ ಭಾಗ ಆ ಸಾಧನದಲ್ಲಿ ಯಾವಾಗ ಜಾರಿಯಾಗಬೇಕೆಂಬುದು ಒಂದೇ ಕಂಪನಿಯ ಇಚ್ಛೆಗೆ ಬಿಟ್ಟ ವಿಷಯವಾಯಿತು. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಒತ್ತಡದಿಂದ 2024ರಲ್ಲಿ ಈ ನಿಯಮ ಸಡಿಲವಾದದ್ದು ಆ ದೇಶಗಳಲ್ಲಿ ಮಾತ್ರ.

ಕಳೆದುಹೋಗುತ್ತಿದ್ದ ಫ್ಲ್ಯಾಶ್ ಕೃತಿಗಳ ರಕ್ಷಣೆಗೆ 2018ರಲ್ಲಿ ಫ್ಲ್ಯಾಶ್‌ಪಾಯಿಂಟ್ ಸಂಗ್ರಹ ಆರಂಭವಾಯಿತು. 2020ರ ನವೆಂಬರಿನಲ್ಲಿ ಇಂಟರ್‌ನೆಟ್ ಆರ್ಕೈವ್, ರಫಲ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಹಳೆಯ ಆಟಗಳನ್ನು ಬ್ರೌಸರಿನಲ್ಲೇ ನಡೆಸತೊಡಗಿತು. ರಫಲ್ ಕೆಲಸ ಮಾಡುವುದು ವೆಬ್ಅಸೆಂಬ್ಲಿ ಎಂಬ, 2019ರಲ್ಲಿ ಡಬ್ಲ್ಯು3ಸಿ ಅಂಗೀಕರಿಸಿದ ಮಾನಕದ ಮೇಲೆ. ಹಾಗಾಗಿ ಯಾವ ಪ್ಲಗಿನ್ನೂ ಇಲ್ಲದೆ ಐಪ್ಯಾಡಿನಲ್ಲೂ ಈಗ ಎಷ್ಟೋ ಫ್ಲ್ಯಾಶ್ ಕೃತಿಗಳು ತೆರೆದುಕೊಳ್ಳುತ್ತವೆ. ಅಡೋಬಿ ಕಡತ ಸ್ವರೂಪದ ವಿವರಗಳನ್ನು ಬಹಿರಂಗಪಡಿಸಿದ್ದು ಈ ಕೆಲಸಕ್ಕೆ ಬಹಳ ಅನುಕೂಲವಾಯಿತು. ಆದರೆ ರಫಲ್ ಚಿತ್ರವನ್ನು ಮರಳಿ ತರಬಲ್ಲದೇ ಹೊರತು ಅದರೊಳಗಿನ ಬರಹವನ್ನು ಯುನಿಕೋಡ್ ಕನ್ನಡವಾಗಿಸಲಾರದು. ಹಳೆಯ ಫಾಂಟುಗಳಲ್ಲಿ ಕೂರಿಸಿದ ಪಠ್ಯವನ್ನು ಆಯಾ ಫಾಂಟಿನ ಅಕ್ಷರಪಟ್ಟಿ ಹಿಡಿದು ಪರಿವರ್ತಿಸಬೇಕು. ಚಿತ್ರವಾಗಿ ಮಾರ್ಪಡಿಸಿದ ಪಾಠಗಳನ್ನು ಯಾರಾದರೂ ಕುಳಿತು ಓದಿ, ಮತ್ತೆ ಬೆರಳಚ್ಚು ಮಾಡಬೇಕು.