ರಾಮನಗರದ ಗೂಡು, ಅಮೆರಿಕದ ಸ್ಟ್ರಾಬೆರಿ

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿರೋ ನಿಮಗೆಲ್ಲ ಇವತ್ತು ಒಂದು ಗೂಡಿನ ಕಥೆ ಹೇಳ್ತೀನಿ. ಹಕ್ಕಿ ಗೂಡಲ್ಲ, ರೇಷ್ಮೆ ಗೂಡು.

ಮೊದಲು 2016ಕ್ಕೆ ಹೋಗೋಣ. ಆ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಊಟದ ಟೇಬಲ್ ಮೇಲೆ ಹಾಸೋ ಹಾಳೆ ಇವನ್ನೆಲ್ಲ ನಿಷೇಧಿಸಿತು. ಸರಿ, ಅದರ ಬದಲು ಏನು? ಎರಡೇ ತಿಂಗಳಿಗೆ, ಮೇನಲ್ಲಿ, ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಒಂದು ಉತ್ತರ ಕೊಟ್ಟರು. ರೇಷ್ಮೆಯನ್ನು ಕರಗಿಸಿದ ನೀರಿನಲ್ಲಿ ಸ್ಟ್ರಾಬೆರಿ ಅದ್ದಿ, ಫ್ರಿಜ್ ಇಲ್ಲದೆ ಹೊರಗೇ ಇಟ್ಟರು. ಏಳು ದಿನ ಆದ್ರೂ ಹಣ್ಣು ಗಟ್ಟಿಯಾಗೇ, ರಸ ತುಂಬಿಕೊಂಡೇ ಇತ್ತು!

ಇದು ಹೊಳೆದಿದ್ದೂ ತಮಾಷೆಯಾಗೇ. ಲ್ಯಾಬ್‌ನಲ್ಲಿ ರೇಷ್ಮೆ ಹಾಕಿ ಅಡುಗೆ ಮಾಡೋ ಸ್ಪರ್ಧೆ. ಸಂಶೋಧಕ ಬೆನೆಡೆಟ್ಟೊ ಮರೆಲ್ಲಿ ಸ್ಟ್ರಾಬೆರಿಯನ್ನು ರೇಷ್ಮೆ ದ್ರಾವಣದಲ್ಲಿ ಅದ್ದಿದರು. ದಿನಗಳು ಕಳೆದ ಮೇಲೆ ನೋಡಿದರೆ, ಅದ್ದದ ಹಣ್ಣು ಹಾಳು, ಅದ್ದಿದ್ದು ಚೆನ್ನಾಗಿದೆ.

ಈಗ ನಮ್ಮೂರಿಗೆ ಬನ್ನಿ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಆಗಿದ್ದ ರಾಮನಗರ, ಇವತ್ತು ಏಷ್ಯಾದ ಅತಿ ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆ ಅಂತ ಹೆಸರಾದ ಊರು. ಮೈಸೂರು ಸೀಮೆಗೆ ರೇಷ್ಮೆ ಹುಳು ತರಿಸಿದ್ದು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್. ಅಲ್ಲಿಂದ ಇಲ್ಲಿತನಕ 200 ವರ್ಷಕ್ಕೂ ಹೆಚ್ಚು ಕಾಲ, ಗೂಡು ಅಂದ್ರೆ ನಮಗೆ ನೂಲು. ನೂಲು ಅಂದ್ರೆ ಸೀರೆ. ಅಷ್ಟೇ.

ಆದರೆ ಗೂಡಲ್ಲಿ ಇರೋದು ಎರಡು ಪ್ರೋಟೀನ್. ಒಳಗಿನ ಎಳೆ ಫೈಬ್ರಾಯಿನ್. ಅದನ್ನು ಅಂಟಿಸಿ ಹಿಡಿದಿರೋ ಗೋಂದು ಸೆರಿಸಿನ್, ಸುಮಾರು ಕಾಲು ಭಾಗದಷ್ಟು. ಸೀರೆಗೆ ಹೊಳಪು ಬರಬೇಕು ಅಂದ್ರೆ ಆ ಗೋಂದನ್ನು ಸೋಪು, ಸೋಡಾ ಹಾಕಿ ಕುದಿಸಿ ತೊಳೀಬೇಕು. ತೊಳೆದ ನೀರು ಚರಂಡಿಗೆ.

ಹಣ್ಣಿಗೆ ಬಳಸೋದು ಫೈಬ್ರಾಯಿನ್. ಅದನ್ನು ಬಳಿದು ನೀರಿನ ಆವಿ ತೋರಿಸಿದರೆ, ಅದರ ಅಣುಗಳು ಒತ್ತೊತ್ತಾಗಿ ಜೋಡಿಸಿಕೊಂಡು ಕೂದಲಿಗಿಂತ ತೆಳುವಾದ ಪೊರೆ ಆಗುತ್ತೆ. ಒಳಗಿನ ತೇವ ಬೇಗ ಹೊರಹೋಗಲ್ಲ, ಹೊರಗಿನ ಆಮ್ಲಜನಕ ಬೇಗ ಒಳಬರಲ್ಲ. ಹಣ್ಣಿನ ಉಸಿರಾಟವೇ ನಿಧಾನ ಆಗುತ್ತೆ.

ಇನ್ನೂ ಒಂದು ಹೆಜ್ಜೆ ಇದೆ. ಇಂಥ ಸಹಜ ಪೊರೆಗಳಿಗೆ ಬೆಳ್ಳಿ ಅಥವಾ ಸತುವಿನ ಆಕ್ಸೈಡ್‌ನ ನ್ಯಾನೊ ಕಣ ಸೇರಿಸಿದರೆ ಅವು ಸೂಕ್ಷ್ಮಾಣುಗಳನ್ನೂ ಕೊಲ್ತವೆ. ಬರೀ ಮುಚ್ಚದೆ ತಾನೂ ಕೆಲಸ ಮಾಡೋ ಇಂಥ ಹೊದಿಕೆಗೆ ‘ಆಕ್ಟಿವ್ ಪ್ಯಾಕೇಜಿಂಗ್’ ಅಂತಾರೆ. ಆದರೆ ಕಣ ಆಹಾರಕ್ಕೆ ಎಷ್ಟು ಇಳಿಯುತ್ತೆ? ಪೊರೆ ಮಣ್ಣಲ್ಲಿ ಕರಗಿದ ಮೇಲೆ ಉಳಿದ ಬೆಳ್ಳಿ ಮಣ್ಣಿನ ಒಳ್ಳೆ ಜೀವಾಣುಗಳಿಗೆ ಏನು ಮಾಡುತ್ತೆ? ಇದನ್ನು ಅಳೆಯದೆ ‘ನೈಸರ್ಗಿಕ’ ಅನ್ನೋ ಲೇಬಲ್ ನಂಬಬೇಡಿ.

ನಿಜ ಹೇಳಬೇಕಂದ್ರೆ, ಹುಳುವಿನಿಂದ ಬಂದ ಹೊದಿಕೆ ಈ ಸೀಮೆಗೆ ಹೊಸದೇನಲ್ಲ. ಚನ್ನಪಟ್ಟಣದ ಗೊಂಬೆ ಮೇಲಿನ ಹೊಳಪು ಅರಗಿನದ್ದು, ಅಂದ್ರೆ ಅರಗಿನ ಹುಳು ಸುರಿಸಿದ ಅಂಟು. ಅದನ್ನೇ ಶುದ್ಧ ಮಾಡಿದರೆ ಶೆಲ್ಯಾಕ್. ಸೇಬು, ಮಾತ್ರೆ, ಮಿಠಾಯಿಗಳಿಗೆ ಜಗತ್ತೆಲ್ಲ ಬಳಿಯೋದು ಅದನ್ನೇ. ಆ ಹುಳು ಬದುಕೋ ಮರಗಳಲ್ಲಿ ಮುತ್ತುಗವೂ ಒಂದು. ಮಾಗಡಿ, ಕನಕಪುರ ಕಡೆಯ ಅಜ್ಜಿಯರನ್ನು ಕೇಳಿ, ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡ್ತಿದ್ದ ಕಥೆ ಹೇಳ್ತಾರೆ.

ಹಾಗಾದ್ರೆ ಈ ಕಥೆ ನಮಗ್ಯಾಕೆ? ನೂಲಿನ ಲೆಕ್ಕದಲ್ಲಿ, ಎಳೆ ತುಂಡಾಗದೆ ಉದ್ದಕ್ಕೆ ಬಿಚ್ಚಿಕೊಳ್ಳೋ ಗೂಡಿಗೇ ಬೆಲೆ. ತೂತು ಬಿದ್ದಿದ್ದು, ಎರಡು ಹುಳು ಸೇರಿ ಕಟ್ಟಿದ್ದು ಅಗ್ಗಕ್ಕೆ ಹೋಗುತ್ತೆ. ಆದರೆ ಕರಗಿಸೋಕೆ ಎಳೆಯ ಉದ್ದ ಬೇಕಿಲ್ಲ! ರೈತ ಬೇರೆ ಹಾಕಿದ ಗೂಡು, ರೀಲರ್ ಹತ್ರ ಉಳಿದ ತ್ಯಾಜ್ಯ, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಇದೇ ಜಿಲ್ಲೆಯಲ್ಲಿ ಮಾವೂ ಬೆಳೆಯುತ್ತೆ. ಹಣ್ಣೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ಬೆಲೆ ಬೀಳುತ್ತೆ, ಹಣ್ಣು ಕಾಯಲ್ಲ. ನಾಲ್ಕು ದಿನ ಹೆಚ್ಚು ತಾಳಿದ್ರೂ ರೈತನಿಗೆ ಚೌಕಾಸಿ ಮಾಡೋ ಶಕ್ತಿ ಬರುತ್ತೆ.

ಅಷ್ಟು ಸುಲಭ ಅಂತ ನಾನು ಹೇಳಲ್ಲ. ಲ್ಯಾಬ್‌ನಲ್ಲಿ ಫೈಬ್ರಾಯಿನ್ ಕರಗಿಸೋಕೆ ಸಾಮಾನ್ಯವಾಗಿ ಬಳಸೋ ಲಿಥಿಯಂ ಬ್ರೋಮೈಡ್ ದುಬಾರಿ, ಆಮೇಲೆ ಅದನ್ನು ಪೂರ್ತಿ ತೆಗೀಲೇಬೇಕು. ಆದರೆ ಅಮೆರಿಕದಲ್ಲಿ ರೇಷ್ಮೆ ಹೊದಿಕೆ ಆಗಲೇ ಕಂಪನಿಯಾಗಿ ಬೆಳೆದಿದೆ.

ಹಿಪ್ಪುನೇರಳೆ ಸೊಪ್ಪು ಕೊಯ್ದು, ರಾತ್ರಿ ಎದ್ದು ಹುಳುವಿಗೆ ಹಾಕಿ, ಚಂದ್ರಿಕೆಯಿಂದ ಗೂಡು ಬಿಡಿಸೋರು ನಮ್ಮವರು. ನೂಲಿನ ಕಾಲದಲ್ಲಿ ಅವರು ಗೂಡು ತೂಗಿ ಕೊಟ್ಟು ಮನೆಗೆ ಬಂದರು, ಸೀರೆಯ ಲಾಭ ಬೇರೆಯವರಿಗೆ ಹೋಯ್ತು. ಈ ಸಲವೂ ಗೂಡು ಮಾತ್ರ ನಮ್ಮದಾಗಬಾರದು.

ನಿಮ್ಮ ಮನೇಲಿ ರೇಷ್ಮೆ ಸಾಕ್ತಾರಾ? ಹಾಗಿದ್ರೆ ಇದನ್ನು ಅಪ್ಪ ಅಮ್ಮನಿಗೂ ಕೇಳಿಸಿ.