ಹರಿತವೋ, ಹೊಳಪೋ: ತುಕ್ಕು ಹಿಡಿಯದ ಚಾಕುವಿನ ಕಥೆ

ಹಳೆಯ ಕಬ್ಬಿಣದ ಈಳಿಗೆಮಣೆಯ ಮೇಲೆ ಮಾವಿನಕಾಯಿಯನ್ನೋ ಬಾಳೆಕಾಯಿಯನ್ನೋ ಹೆಚ್ಚಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಹೋಳುಗಳ ಅಂಚು ಕಪ್ಪಾಗುತ್ತದೆ, ಅಲುಗಿನ ಮೇಲೆ ನೀಲಿಗಪ್ಪು ಕಲೆ ಕೂರುತ್ತದೆ, ಬೆರಳಿಗೂ ಕರೆ ಹತ್ತುತ್ತದೆ. ಕೆಲಸ ಮುಗಿದ ಮೇಲೆ ಅಲುಗನ್ನು ತೊಳೆದು, ಒರೆಸಿ, ಒಣಗಿಸಿ ಇಡದಿದ್ದರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಚಾಕು ಅಡುಗೆಮನೆಗೆ ಬಂದ ಮೇಲೆ ಈ ರಗಳೆ ತಪ್ಪಿತು. ಆದರೆ ಹಳಬರ ದೂರೊಂದು ಉಳಿದುಕೊಂಡಿತು: ಹೊಳಪೇನೋ ಇದೆ, ಈಳಿಗೆಯ ಹರಿತ ಮಾತ್ರ ಇಲ್ಲ.

ಈ ದೂರಿಗೆ ಹೆಚ್ಚುಕಡಿಮೆ ತುಕ್ಕು ಹಿಡಿಯದ ಚಾಕುವಿನಷ್ಟೇ ವಯಸ್ಸಾಗಿದೆ. ಅದನ್ನು ಮೊದಲು ಹೇಳಿದವರು ಇಂಗ್ಲೆಂಡಿನ ಶೆಫೀಲ್ಡ್ ನಗರದ ಚಾಕು ತಯಾರಕರು. ಅವರ ಮಾತಿನಲ್ಲಿ ಸತ್ಯಾಂಶವೂ ಇತ್ತು. ಅಲುಗಿನ ಹರಿತಕ್ಕೂ ಅದರ ಹೊಳಪಿಗೂ ನಡುವೆ ಇರುವ ಜಗ್ಗಾಟ ಉಕ್ಕಿನ ಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯ. ಅದರ ಆರಂಭದಲ್ಲಿ ಮೈಸೂರು ಸೀಮೆಯ ಕುಲುಮೆಗಳಿಗೂ ಒಂದು ಪಾಲು ಇದೆ.

ತುಕ್ಕು ಬೇರೆ, ಕಲೆ ಬೇರೆ

ತುಕ್ಕು ಮತ್ತು ಕಲೆ ಒಂದೇ ಅಲ್ಲ. ಕಬ್ಬಿಣ, ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಸೇರಿದಾಗ ಹುಟ್ಟುವುದು ತುಕ್ಕು. ಅದು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಸಡಿಲವಾಗಿ ಉಬ್ಬಿ, ಹಕ್ಕಳೆಯಾಗಿ ಉದುರುತ್ತದೆ. ಉದುರಿದ ಕಡೆ ಹೊಸ ಲೋಹ ಮತ್ತೆ ಗಾಳಿಗೆ ತೆರೆದುಕೊಳ್ಳುವುದರಿಂದ ತುಕ್ಕು ಒಳಗೊಳಗೇ ಕೊರೆಯುತ್ತ ಹೋಗುತ್ತದೆ.

ಕಲೆಯ ಸಂಗತಿ ಬೇರೆ. ಕಾಯಿಪಲ್ಲೆಗಳಲ್ಲಿರುವ ಒಗರಿನ ಅಂಶ, ಅಂದರೆ ಟ್ಯಾನಿನ್, ಕಬ್ಬಿಣದೊಂದಿಗೆ ಸೇರಿದರೆ ಕಡು ಕಪ್ಪು ವಸ್ತು ಉಂಟಾಗುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣದ ಲವಣವಾದ ಅನ್ನಭೇದಿ ಬೆರೆಸಿ ಮಸಿ ಮಾಡುವ ಹಳೆಯ ವಿಧಾನದ ಹಿಂದೆ ಇರುವುದೂ ಇದೇ ರಸಾಯನ. ಹೀಗೆ ಕೂತ ಕಪ್ಪು ಪೊರೆ ಕೆಂಪು ತುಕ್ಕಿನಂತೆ ಲೋಹವನ್ನು ಕೊರೆಯುವುದಿಲ್ಲ, ಒಂದಷ್ಟು ರಕ್ಷಣೆಯನ್ನೂ ಕೊಡುತ್ತದೆ. ಆದರೆ ನೋಟಕ್ಕೆ ಚೆಂದವಿಲ್ಲ, ರುಚಿಗೂ ಹಿತವಿಲ್ಲ.

ಯುರೋಪಿನ ಸಿರಿವಂತರು ಇದಕ್ಕೆ ಕಂಡುಕೊಂಡ ಉಪಾಯ ಬೆಳ್ಳಿ. ಹುಳಿ ಹಣ್ಣು ಕತ್ತರಿಸಲು ಮತ್ತು ನಿಂಬೆರಸ ಹಿಂಡಿದ ಮೀನು ತಿನ್ನಲು ಬೆಳ್ಳಿಯ ಅಲುಗಿನ ಚಾಕುಗಳು ಬಂದವು. ಉಳಿದ ಉಕ್ಕಿನ ಚಾಕುಗಳನ್ನು ಊಟವಾದ ಮೇಲೆ ಇಟ್ಟಿಗೆ ಪುಡಿಯಂಥ ವಸ್ತುವಿನಲ್ಲಿ ಉಜ್ಜಿ ಬೆಳಗುವುದೇ ದೊಡ್ಡ ಮನೆಗಳ ಆಳುಹುಡುಗರಿಗೆ ಒಂದು ಕೆಲಸವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಚಾಕು ಬೆಳಗುವುದಕ್ಕೆಂದೇ ಕೈಯಿಂದ ತಿರುಗಿಸುವ ಯಂತ್ರಗಳು ಮಾರಾಟಕ್ಕೆ ಬಂದದ್ದನ್ನು ನೋಡಿದರೆ ಈ ಕೆಲಸ ಎಷ್ಟು ಬೇಸರದ್ದಾಗಿತ್ತೆಂದು ಊಹಿಸಬಹುದು.

ಉಕ್ಕು ‘ವೂಟ್ಜ್’ ಆದದ್ದು

ತುಕ್ಕು ಹಿಡಿಯದ ಅಲುಗಿನ ಹುಡುಕಾಟ ಶುರುವಾದದ್ದು ಭಾರತದ ಉಕ್ಕಿನ ಮೇಲಿನ ಕುತೂಹಲದಿಂದ. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮೆದು ಕಬ್ಬಿಣದ ತುಂಡುಗಳನ್ನು ಕಟ್ಟಿಗೆ, ಹಸಿರೆಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಇಳಿದು ಉತ್ಕೃಷ್ಟ ಉಕ್ಕಿನ ಗಟ್ಟಿ ದೊರೆಯುತ್ತಿತ್ತು. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳ ವಿವರಗಳನ್ನು ದಾಖಲಿಸಿದ್ದಾನೆ.

ಅದಕ್ಕೆ ಕೆಲವು ವರ್ಷ ಮೊದಲೇ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಇಂಥ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದ್ದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಅದರ ಹೆಸರು ‘ವೂಟ್ಜ್’. ಇದು ಕನ್ನಡ, ತೆಲುಗುಗಳ ‘ಉಕ್ಕು’ ಎಂಬ ಪದದ ರೂಪಾಂತರವೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ.

ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ತಯಾರಿಸುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕಿಗೆ ಮನಸೋತ. ಅದರ ರಹಸ್ಯವನ್ನು ಬಿಡಿಸಲು ಅವನಿಗೆ ಜೊತೆಯಾದವನು ಕಮ್ಮಾರನ ಮಗನಾಗಿದ್ದ ತರುಣ ವಿಜ್ಞಾನಿ ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಸಂಶೋಧನೆಗಳಿಂದ ಆತ ಲೋಕಪ್ರಸಿದ್ಧನಾಗುವುದಕ್ಕೆ ಇನ್ನೂ ಹತ್ತು ವರ್ಷಗಳಿದ್ದವು. 1820 ಮತ್ತು 1822ರಲ್ಲಿ ಇಬ್ಬರೂ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದರು. ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ, ಕ್ರೋಮಿಯಂಗಳನ್ನು ಬೆರೆಸಿ ನೋಡಿದರು. ಕತ್ತರಿಸುವ ಉಪಕರಣಗಳಿಗೆ ಇನ್ನೂ ಉತ್ತಮವಾದ ಉಕ್ಕು ದೊರೆಯುವುದೇ ಎಂಬುದು ಒಂದು ಪ್ರಶ್ನೆ, ಗಾಳಿಗೆ ಮಾಸದ ಲೋಹ ಸಿಗುವುದೇ ಎಂಬುದು ಇನ್ನೊಂದು. ಏಕೆಂದರೆ ವೂಟ್ಜ್ ಎಷ್ಟೇ ಹರಿತವಾಗಿರಲಿ, ತುಕ್ಕಿನ ವಿಷಯದಲ್ಲಿ ಅದು ಈಳಿಗೆಯ ಅಲುಗಿನಂತೆಯೇ. 1823ರಲ್ಲಿ ಸ್ಟೊಡಾರ್ಟ್ ತೀರಿಕೊಂಡ. ಆ ಕೆಲಸ ಬಹುಕಾಲ ಮುಂದುವರಿಯಲಿಲ್ಲ.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ

ಸರಿಯಾದ ಲೋಹ ಯಾವುದೆಂಬ ಸುಳಿವು ಸಿಗಲು ತಡವಾಗಲಿಲ್ಲ. 1821ರಲ್ಲೇ ಫ್ರಾನ್ಸಿನ ಪಿಯೆರ್ ಬರ್ಥಿಯೆ, ಕ್ರೋಮಿಯಂ ಬೆರೆತ ಕಬ್ಬಿಣ ಆಮ್ಲಗಳಿಗೆ ಜಗ್ಗುವುದಿಲ್ಲವೆಂದು ಗಮನಿಸಿ, ಚಾಕು ಕತ್ತರಿಗಳಿಗೆ ಅದು ಒದಗೀತು ಎಂದು ಸೂಚಿಸಿದ್ದ. ಆದರೆ ಆಗ ದೊರೆಯುತ್ತಿದ್ದ ಕ್ರೋಮಿಯಂ ಮಿಶ್ರಲೋಹದಲ್ಲಿ ಇಂಗಾಲ ವಿಪರೀತವಾಗಿತ್ತು. ಕ್ರೋಮಿಯಂ ಹೆಚ್ಚು ಹಾಕಿದರೆ ಉಕ್ಕು ಪೆಡಸಾಗಿ ಒಡೆಯುತ್ತಿತ್ತು. ಇಂಗಾಲವಿಲ್ಲದ ಕ್ರೋಮಿಯಂ ತೆಗೆಯುವ ವಿಧಾನವನ್ನು ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ ಕಂಡುಹಿಡಿದದ್ದು 1890ರ ದಶಕದಲ್ಲಿ.

ಈ ನಡುವೆ ಒಂದು ಪರೀಕ್ಷೆಯೂ ದಾರಿ ತಪ್ಪಿಸಿತು. 1892ರಲ್ಲಿ ಶೆಫೀಲ್ಡಿನ ಹೆಸರಾಂತ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಕ್ರೋಮಿಯಂ ಉಕ್ಕನ್ನು ಗಂಧಕಾಮ್ಲದಲ್ಲಿ ಅದ್ದಿ ನೋಡಿ, ಕ್ರೋಮಿಯಂ ಸೇರಿದರೆ ಉಕ್ಕು ಇನ್ನಷ್ಟು ಬೇಗ ಸವೆಯುತ್ತದೆಂದು ತೀರ್ಮಾನಿಸಿದ. ಆ ಆಮ್ಲದ ಮಟ್ಟಿಗೆ ಅದು ಸರಿ. ಆದರೆ ವಿನೆಗರ್, ನಿಂಬೆರಸ, ತೇವದ ಗಾಳಿ ಇವುಗಳ ಮುಂದೆ ಅದೇ ಉಕ್ಕಿನ ನಡತೆ ಬೇರೆ. ಅಡುಗೆಮನೆಯ ಪ್ರಶ್ನೆಯನ್ನು ಕಾರ್ಖಾನೆಯ ಆಮ್ಲಕ್ಕೆ ಕೇಳಿದಂತಾಗಿತ್ತು.

ಬಾಟಲಿ ತೊಳೆಯುತ್ತಿದ್ದ ಹುಡುಗ

ಶೆಫೀಲ್ಡ್ ಶತಮಾನಗಳಿಂದ ಚಾಕುವಿನ ಊರು. ಅಲ್ಲಿನ ಚಾಕು ತಯಾರಕರ ಸಂಘ 1624ರಷ್ಟು ಹಳೆಯದು. ಅಲ್ಲಿನ ಬಡ ಮನೆಯೊಂದರಲ್ಲಿ 1871ರಲ್ಲಿ ಹ್ಯಾರಿ ಬ್ರಿಯರ್ಲಿ ಹುಟ್ಟಿದ. ತಂದೆ ಉಕ್ಕು ಕರಗಿಸುವ ಕೆಲಸಗಾರ. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟ ಹುಡುಗ ತಂದೆಯಿದ್ದ ಫರ್ತ್ ಕಾರ್ಖಾನೆಯನ್ನೇ ಸೇರಿ, ಮುಂದೆ ಅಲ್ಲಿನ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವವನಾದ. ಬಿಡುವಿನಲ್ಲಿ ಓದಿ ರಸಾಯನಶಾಸ್ತ್ರ ಕಲಿತ. ಎರಡು ಉಕ್ಕಿನ ಕಂಪನಿಗಳು ಸೇರಿ ಸಂಶೋಧನಾಲಯವೊಂದನ್ನು ಸ್ಥಾಪಿಸಿದಾಗ ಅದರ ಮುಖ್ಯಸ್ಥನಾದ.

1912ರಲ್ಲಿ ಅವನ ಮುಂದೆ ಬಂದ ಸಮಸ್ಯೆ ಚಾಕುವಿನದಲ್ಲ, ಬಂದೂಕಿನದು. ಗುಂಡು ಹಾರಿಸಿದಾಗಲೆಲ್ಲ ನಳಿಗೆಯ ಒಳಮೈ ಬಿಸಿ ಅನಿಲಕ್ಕೆ ಸವೆಯುತ್ತಿತ್ತು. ಇದಕ್ಕಾಗಿ ಬೇರೆ ಬೇರೆ ಪ್ರಮಾಣದ ಕ್ರೋಮಿಯಂ ಬೆರೆಸಿ ಪ್ರಯೋಗ ನಡೆಸುತ್ತಿದ್ದಾಗ, 1913ರ ಆಗಸ್ಟ್ 13ರಂದು ಎರಕ ಹೊಯ್ದ ಉಕ್ಕಿನಲ್ಲಿ ಶೇಕಡಾ 12.8ರಷ್ಟು ಕ್ರೋಮಿಯಂ, 0.24ರಷ್ಟು ಇಂಗಾಲ ಇತ್ತು. ಸೂಕ್ಷ್ಮದರ್ಶಕದಲ್ಲಿ ಲೋಹದ ಒಳರಚನೆ ನೋಡಬೇಕಾದರೆ ನಯಗೊಳಿಸಿದ ತುಂಡನ್ನು ಆಮ್ಲದಿಂದ ಸ್ವಲ್ಪ ಕೊರೆಯಬೇಕು. ಈ ತುಂಡು ಆಮ್ಲಕ್ಕೆ ಜಗ್ಗಲಿಲ್ಲ. ವಿನೆಗರ್, ನಿಂಬೆರಸಗಳಿಗೂ ಜಗ್ಗಲಿಲ್ಲ. ಗುಜರಿಯ ರಾಶಿಯಲ್ಲಿ ಬಿದ್ದಿದ್ದ ನಳಿಗೆಯೊಂದು ಮಾತ್ರ ಹೊಳೆಯುತ್ತಿದ್ದುದನ್ನು ಕಂಡು ಆತ ಬೆರಗಾದನೆಂಬ ಕಥೆ ಜನಪ್ರಿಯವಾಗಿದೆ. ನಿಜ ಸಂಗತಿ ಪ್ರಯೋಗಾಲಯದ ಮೇಜಿನ ಮೇಲೆಯೇ ನಡೆದದ್ದು.

ಬೇರೊಬ್ಬ ಲೋಹತಜ್ಞನಿಗೆ ಆಮ್ಲಕ್ಕೆ ಜಗ್ಗದ ತುಂಡು ಒಂದು ತೊಡಕಾಗಿ ಕಾಣುತ್ತಿತ್ತೋ ಏನೋ. ಚಾಕುವಿನ ಊರಿನಲ್ಲಿ ಬೆಳೆದ ಬ್ರಿಯರ್ಲಿಗೆ ಅದರಲ್ಲಿ ಊಟದ ಮೇಜಿನ ಚಾಕು ಕಂಡಿತು.

‘ಕತ್ತರಿಸದ ಚಾಕು’

ಕಂಪನಿಗೆ ಮಾತ್ರ ಇದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಮಾದರಿಗಾಗಿ ಉಕ್ಕು ಪಡೆದ ಚಾಕು ತಯಾರಕರು ಇದು ಕೆಲಸಕ್ಕೆ ಬಾರದೆಂದು ಹಿಂತಿರುಗಿಸಿದರು. ಕತ್ತರಿಸದ ಚಾಕುವನ್ನು ಕಂಡುಹಿಡಿದವನೆಂದು ಬ್ರಿಯರ್ಲಿಯನ್ನು ಊರಿನಲ್ಲಿ ಗೇಲಿ ಮಾಡಿದರು.

ತಯಾರಕರ ಕೈಚಳಕದಲ್ಲಿ ಕೊರತೆ ಇರಲಿಲ್ಲ. ಉಕ್ಕು ಕಾದಾಗಿನ ಬಣ್ಣವನ್ನು ಕಣ್ಣಳತೆಯಲ್ಲಿ ನೋಡಿಯೇ ಹದ ಹಿಡಿಯುವ ವಿದ್ಯೆ ಅವರಿಗೆ ತಲೆಮಾರುಗಳಿಂದ ಬಂದಿತ್ತು. ಸಾಮಾನ್ಯ ಇಂಗಾಲದ ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯಿಸಿ ತಣಿಸಿದರೆ ಅಲುಗು ಗಡಸಾಗುತ್ತದೆ. ಹೊಸ ಉಕ್ಕಿಗೆ ಸುಮಾರು 1000 ಡಿಗ್ರಿ ಬೇಕು. ಹಳೆಯ ಉಕ್ಕಿನ ಹದ ಬಲ್ಲ ಕಣ್ಣೇ ಇಲ್ಲಿ ಮೋಸಹೋಯಿತು.

1914ರಲ್ಲಿ ಮೋಸ್ಲಿ ಎಂಬ ಚಾಕು ಕಂಪನಿಯ ವ್ಯವಸ್ಥಾಪಕ ಅರ್ನೆಸ್ಟ್ ಸ್ಟುವರ್ಟ್ ಉಕ್ಕಿನ ತುಂಡೊಂದನ್ನು ವಿನೆಗರಿನಲ್ಲಿಟ್ಟು ನೋಡಿ ಬೆರಗಾದ. ಅವನ ಮೊದಲ ಪ್ರಯತ್ನದಲ್ಲಿ ಕಾರ್ಖಾನೆಯ ಅಚ್ಚುಗಳೇ ಮೊಂಡಾದವು. ಎರಡನೆಯ ಸಲದ ಚಾಕುಗಳು ಪೆಡಸಾಗಿ ಮುರಿಯುವಂತಿದ್ದವು. ಮೂರನೆಯ ಸಲ ಬ್ರಿಯರ್ಲಿಯೇ ಜೊತೆಗೆ ನಿಂತ. ಚಾಕು ಮಾಡುವುದು ಅವನಿಗೆ ತಿಳಿಯದಿದ್ದರೂ ಆ ಉಕ್ಕನ್ನು ಎಷ್ಟು ಕಾಯಿಸಬೇಕೆಂಬುದು ತಿಳಿದಿತ್ತು. ಕೆಲಸ ಕೈಗೂಡಿತು. ಬ್ರಿಯರ್ಲಿ ಇಟ್ಟಿದ್ದ ‘ತುಕ್ಕಿಲ್ಲದ ಉಕ್ಕು’ ಎಂಬ ಹೆಸರಿನ ಬದಲು ‘ಸ್ಟೇನ್‌ಲೆಸ್’ ಎಂಬ ಹೆಸರು ಸ್ಟುವರ್ಟ್‌ನಿಂದ ಬಂತು.

ಗೆದ್ದರೂ ಬ್ರಿಯರ್ಲಿಗೆ ನೆಮ್ಮದಿ ಸಿಗಲಿಲ್ಲ. ಸಂಶೋಧನೆಯ ಹಕ್ಕು ಯಾರದೆಂಬ ವಿಷಯದಲ್ಲಿ ಮಾಲೀಕರೊಡನೆ ಮನಸ್ತಾಪವಾಗಿ 1915ರಲ್ಲಿ ಕೆಲಸ ಬಿಟ್ಟ. ಮೊದಲ ಮಹಾಯುದ್ಧ ಬಂದು, ಆ ಉಕ್ಕು ವಿಮಾನದ ಎಂಜಿನ್ನುಗಳ ಭಾಗಗಳಿಗೆ ಹೋಯಿತು; ಊಟದ ಚಾಕು ಕಾಯಬೇಕಾಯಿತು. ಈ ಶೋಧದ ಕೀರ್ತಿಯೂ ಅವನೊಬ್ಬನದಾಗಲಿಲ್ಲ. ಕ್ರೋಮಿಯಂ ಜೊತೆಗೆ ನಿಕ್ಕಲ್ ಸೇರಿದ ಇನ್ನೊಂದು ಬಗೆಯ ಉಕ್ಕಿಗೆ ಜರ್ಮನಿಯ ಕ್ರುಪ್ ಕಂಪನಿ 1912ರಲ್ಲೇ ಪೇಟೆಂಟ್ ಕೋರಿತ್ತು. ಅಮೆರಿಕದಲ್ಲಿ ಎಲ್‌ವುಡ್ ಹೇನ್ಸ್ ಕೂಡ ಸ್ವತಂತ್ರವಾಗಿ ಇದೇ ದಾರಿಯಲ್ಲಿದ್ದ.

ಕ್ರೋಮಿಯಂ, ಇಂಗಾಲಗಳ ಜಗ್ಗಾಟ

ಕ್ರೋಮಿಯಂ ಮಾಡುವ ಪವಾಡವಾದರೂ ಏನು? ಉಕ್ಕಿನಲ್ಲಿ ಅದು ಶೇಕಡಾ ಹತ್ತೂವರೆಗಿಂತ ಹೆಚ್ಚಿದ್ದರೆ, ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಇದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ತುಕ್ಕಿನಂತೆ ಇದು ಉದುರುವುದಿಲ್ಲ. ಗೀರು ಬಿದ್ದರೂ ಗಾಳಿ ತಗುಲಿದೊಡನೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ.

ತೊಡಕಿರುವುದು ಇಂಗಾಲದಲ್ಲಿ. ಅಲುಗಿಗೆ ಗಡಸುತನ ಕೊಡುವುದು ಇಂಗಾಲ. ಆದರೆ ಇಂಗಾಲಕ್ಕೆ ಕ್ರೋಮಿಯಂ ಎಂದರೆ ಬಲು ಪ್ರೀತಿ. ಎರಡೂ ಸೇರಿ ಗಟ್ಟಿ ಕಣಗಳಾದರೆ ಅಷ್ಟು ಕ್ರೋಮಿಯಂ ರಕ್ಷಣೆಯ ಲೆಕ್ಕಕ್ಕೆ ಸಿಗುವುದಿಲ್ಲ. ಇಂಗಾಲ ಕಡಿಮೆಯಿಟ್ಟರೆ ತುಕ್ಕಿನ ಭಯವಿಲ್ಲ, ಅಲುಗು ಬೇಗ ಮೊಂಡಾಗುತ್ತದೆ. ಹೆಚ್ಚಿಟ್ಟರೆ ಹರಿತ ನಿಲ್ಲುತ್ತದೆ, ತುಕ್ಕು ಇಣುಕುತ್ತದೆ. ಅಡುಗೆಮನೆಯ ಹಿರಿಯರ ದೂರಿನ ಗುಟ್ಟು ಇದೇ.

ಇಂದಿನ ಅಲುಗುಗಳೆಲ್ಲ ಈ ಜಗ್ಗಾಟದ ಬೇರೆ ಬೇರೆ ರಾಜಿಗಳು. ಅಗ್ಗದ ಚಾಕುಗಳಲ್ಲಿ ಬಳಸುವ 420 ದರ್ಜೆಯ ಉಕ್ಕು ಬ್ರಿಯರ್ಲಿಯ ಉಕ್ಕಿನ ಹತ್ತಿರದ ಸಂಬಂಧಿ. 440-ಸಿ ಎಂಬ ದರ್ಜೆಯಲ್ಲಿ ಸುಮಾರು ಶೇಕಡಾ 1ರಷ್ಟು ಇಂಗಾಲ, ಅದಕ್ಕೆ ತಕ್ಕಂತೆ 16ರಿಂದ 18ರಷ್ಟು ಕ್ರೋಮಿಯಂ. ಡಿ-2 ಎಂಬ ಉಪಕರಣದ ಉಕ್ಕಿನಲ್ಲಿ ಕ್ರೋಮಿಯಂ 12ರಷ್ಟಿದ್ದರೂ ಇಂಗಾಲ ಒಂದೂವರೆಯಷ್ಟಿರುವುದರಿಂದ ಅದು ಅರೆಬರೆ ತುಕ್ಕುನಿರೋಧಕ. ಇಂಗಾಲದ ಬಹುಪಾಲು ಕೆಲಸವನ್ನು ಸಾರಜನಕಕ್ಕೆ ವಹಿಸಿ, ಉಪ್ಪುನೀರನ್ನೂ ತಾಳುವ ಅಲುಗುಗಳನ್ನು ಮಾಡುವುದು ಈಚಿನ ಬೆಳವಣಿಗೆ.

ಊಟದ ತಟ್ಟೆ, ಲೋಟಗಳ ಸ್ಟೀಲು ಮತ್ತೊಂದು ಬಗೆ. ಹರಿತದ ಹಂಗಿಲ್ಲದ ಕಾರಣ ಅದರಲ್ಲಿ ಇಂಗಾಲ ತೀರ ಕಡಿಮೆ, ಸಾಮಾನ್ಯವಾಗಿ ನಿಕ್ಕಲ್ಲಿನಂಥ ಬೇರೆ ಲೋಹವೂ ಇರುತ್ತದೆ. ಹೀಗಾಗಿ ಅಯಸ್ಕಾಂತ ಚಾಕುವಿನ ಅಲುಗಿಗೆ ಅಂಟುತ್ತದೆ, ಲೋಟಕ್ಕೆ ಹೆಚ್ಚಾಗಿ ಅಂಟುವುದಿಲ್ಲ. ಉಪ್ಪಿನಕಾಯಿಯ ರಸ ಹತ್ತಿದ ಚಾಕುವನ್ನು ರಾತ್ರಿಯೆಲ್ಲ ಹಾಗೆಯೇ ಬಿಟ್ಟರೆ ಅಲುಗಿನಲ್ಲಿ ಸಣ್ಣ ಚುಕ್ಕೆಗಳು ಏಳುವುದಕ್ಕೂ ಕಾರಣವಿದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ತೆಳು ಪೊರೆಯನ್ನು ಅಲ್ಲಲ್ಲಿ ಭೇದಿಸಬಲ್ಲದು. ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ಕಲೆಯೇ ಆಗದು ಎಂದಲ್ಲ, ಕಲೆ ಕಡಿಮೆ ಎಂದಷ್ಟೇ ತಿಳಿಯಬೇಕು.

1948ರಲ್ಲಿ ಬ್ರಿಯರ್ಲಿ ತೀರಿಕೊಳ್ಳುವ ಹೊತ್ತಿಗೆ ಚಾಕು ಬೆಳಗುವ ಆಳುಹುಡುಗರ ಕೆಲಸ ಹಳೆಯ ನೆನಪಾಗುತ್ತಿತ್ತು. ಆದರೂ ಮಾವಿನ ಮಿಡಿ ಹೆಚ್ಚುವ ಕಾಲ ಬಂದಾಗ ಅಟ್ಟದ ಮೇಲಿನ ಈಳಿಗೆಮಣೆ ಕೆಳಗಿಳಿಸುವ ಮನೆಗಳು ಇನ್ನೂ ಇವೆ. ಅವರು ತೊಳೆದು, ಒರೆಸಿ, ಎಣ್ಣೆ ಸವರಿ ಇಡುವ ಕಷ್ಟವನ್ನು ಒಪ್ಪಿಕೊಂಡಿದ್ದಾರೆ. ಪ್ರತಿಯಾಗಿ ಅವರಿಗೆ ಸಿಕ್ಕಿರುವುದು ಹರಿತ.